ಅಳತೆಗೋಲಿನ ವಾಯಿದೆ

ಕಿರಾಣಿ ಅಂಗಡಿಯಲ್ಲಿ ತಕ್ಕಡಿಯ ಪಕ್ಕಕ್ಕೆ ಸಾಲಾಗಿ ಇಟ್ಟಿರುವ ತೂಕದ ಕಲ್ಲುಗಳನ್ನು ನಾವೆಲ್ಲರೂ ನೋಡಿದ್ದೇವೆ. ಹೆಸರಿಗೆ ಕಲ್ಲು, ವಸ್ತು ಎರಕದ ಕಬ್ಬಿಣ. ಅವುಗಳಲ್ಲೊಂದನ್ನು ಕೈಗೆತ್ತಿಕೊಂಡು ನೋಡಿದರೆ ಒಂದು ಸಣ್ಣ ಗುಳಿಯೂ, ಆ ಗುಳಿಯಲ್ಲಿ ಸೀಸವೂ, ಸೀಸದ ಮೇಲೆ ಸರ್ಕಾರದ ಮುದ್ರೆಯೂ ಕಾಣುತ್ತವೆ. ಸವೆದು ಹಗುರಾದ ಕಲ್ಲಿಗೆ ಸೀಸ ಸೇರಿಸಿ, ತೂಕವನ್ನು ಸರಿಪಡಿಸಿ, ಮುದ್ರೆ ಒತ್ತುವುದು ಹಳೆಯ ಪದ್ಧತಿ. ೨೦೦೯ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಕೆಳಗೆ ೨೦೧೧ರಲ್ಲಿ ಆದ ನಿಯಮಗಳಂತೆ ಇಂಥ ಕಲ್ಲಿಗೆ ೨೪ ತಿಂಗಳಿಗೊಮ್ಮೆಯೂ ಎಲೆಕ್ಟ್ರಾನಿಕ್ ತಕ್ಕಡಿಗೆ ೧೨ ತಿಂಗಳಿಗೊಮ್ಮೆಯೂ ಮರುಪರೀಕ್ಷೆ ಆಗತಕ್ಕದ್ದು. ಸಾಲಕ್ಕೆ ವಾಯಿದೆ ಇರುವುದನ್ನು ನಾವು ಬಲ್ಲೆವು. ತೂಗುವ ಕಲ್ಲಿಗೂ ವಾಯಿದೆ ಉಂಟು ಎಂಬುದನ್ನು ಬಲ್ಲವರು ಕಡಮೆ.

ಅರ್ಥಶಾಸ್ತ್ರ, ಇತಿಹಾಸಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಈ ವಿಷಯದ ಮೇಲೆ ಬರೆಯಲು ಏನು ಅಧಿಕಾರ ಎಂದು ವಾಚಕರು ಕೇಳಿಯಾರು. ಅಧಿಕಾರವೇನೂ ಇಲ್ಲ. ಕಳೆದ ಬೇಸಗೆಯ ರಜೆಯಲ್ಲಿ ಬೆಂಗಳೂರಿನ ಪೀಣ್ಯದಲ್ಲಿರುವ ನನ್ನ ಸೋದರಮಾವನವರ ವರ್ಕ್‌ಶಾಪಿನಲ್ಲಿ ಆರು ವಾರ ಕಳೆದ ಅನುಭವ ಮಾತ್ರ ಉಂಟು. ಮೂರು ಲೇತುಗಳು, ಒಂದು ಗ್ರೈಂಡಿಂಗ್ ಯಂತ್ರ, ಹದಿನಾಲ್ಕು ಜನ ಕೆಲಸಗಾರರು. ನನ್ನನ್ನು ಲೆಕ್ಕಪತ್ರ ನೋಡಿಕೊಳ್ಳಲೆಂದು ಕರೆಸಿಕೊಂಡಿದ್ದರು. ನಾನು ಹೋದ ಎರಡನೆಯ ವಾರದಲ್ಲಿಯೇ ಲೆಕ್ಕಪತ್ರ ಮೂಲೆಗೆ ಸೇರಿತು.

ಆದದ್ದು ಇಷ್ಟು. ಒಬ್ಬ ಗಿರಾಕಿಗೆ ಕಳುಹಿಸಿದ್ದ ೩೪೦ ಶಾಫ್ಟುಗಳು ಹಿಂದಕ್ಕೆ ಬಂದವು. ಶಾಫ್ಟಿನ ವ್ಯಾಸ ೩೦ ಮಿಲಿಮೀಟರನ್ನು ಮೀರಕೂಡದು, ೨೯.೯೭೯ಕ್ಕಿಂತ ಕೆಳಗೂ ಇಳಿಯಕೂಡದು. ಅಂದರೆ ಕೆಲಸಗಾರನಿಗೆ ದೊರೆಯುವ ಅವಕಾಶ ೨೧ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್ ಎಂದುಕೊಂಡರೆ ಅದರ ಮೂರರಲ್ಲೊಂದು ಪಾಲೂ ಅಲ್ಲ. ನಮ್ಮ ಮೈಕ್ರೋಮೀಟರು ೨೯.೯೯ ಎಂದು ತೋರಿಸಿದ್ದ ಶಾಫ್ಟುಗಳು ವಾಸ್ತವವಾಗಿ ೩೦.೦೧ ಇದ್ದವು. ಉಪಕರಣದ ಮುಖಗಳು ಸವೆದು, ಅದು ನಿಜವಾದ ಅಳತೆಗಿಂತ ೨೦ ಮೈಕ್ರಾನ್ ಕಡಮೆ ಹೇಳುತ್ತಿದ್ದಿತು. ಸೊನ್ನೆಯಿಂದ ೨೫ ಮಿಲಿಮೀಟರಿನವರೆಗೆ ಅಳೆಯುವ ಮೈಕ್ರೋಮೀಟರಾಗಿದ್ದರೆ ಬಾಯಿ ಮುಚ್ಚಿ ಸೊನ್ನೆ ಬರುವುದೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಬಹುದು. ಇದು ೨೫ರಿಂದ ೫೦ರವರೆಗಿನದು. ಇದರ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಪರೀಕ್ಷಿಸಲು ೨೫ ಮಿಲಿಮೀಟರಿನ ಒಂದು ಸೆಟ್ಟಿಂಗ್ ರಾಡು ಪೆಟ್ಟಿಗೆಯಲ್ಲಿಯೇ ಬರುತ್ತದೆ. ಆ ರಾಡು ಎಂದೋ ಕಳೆದುಹೋಗಿದ್ದಿತು. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಒರೆಸಿ ನೋಡಿದರೆ ಎಣ್ಣೆಯ ಕಲೆಯ ಕೆಳಗೆ ವಾಯಿದೆಯ ತಾರೀಖು; ಅದು ದಾಟಿ ಐದು ತಿಂಗಳಾಗಿದ್ದಿತು. ತಾರೀಖುಗಳನ್ನೆಲ್ಲ ತಮ್ಮ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ ಸೂಪರ್‌ವೈಸರು ದೀಪಾವಳಿಗೇ ಕೆಲಸ ಬಿಟ್ಟಿದ್ದರು. ಡೈರಿಯೂ ಅವರ ಜೊತೆಗೆ ಹೋಗಿದ್ದಿತು.

ಶಾಫ್ಟುಗಳ ನಷ್ಟ ಅಷ್ಟು ದೊಡ್ಡದಲ್ಲ. ದಪ್ಪವಾದದ್ದನ್ನು ಮತ್ತೆ ಉಜ್ಜಿ ಸರಿಮಾಡಬಹುದು. ಆದರೆ ಗಿರಾಕಿಯ ಕಡೆಯಿಂದ ಬಂದಿದ್ದ ಇಂಜಿನಿಯರು ಹೊರಡುವ ಮುನ್ನ ಮೆಲ್ಲಗೆ ಒಂದು ಮಾತು ಕೇಳಿದರು: "ಈ ಐದು ತಿಂಗಳಲ್ಲಿ ಇದೇ ಮೈಕ್ರೋಮೀಟರಿನಿಂದ ಇನ್ನು ಯಾವ ಯಾವ ಮಾಲು ಅಳೆದಿದ್ದೀರಿ, ಸ್ವಾಮಿ?" ಮಾವನವರು ಮೇಸ್ತ್ರಿಯ ಮುಖ ನೋಡಿದರು, ಮೇಸ್ತ್ರಿ ಲೇತಿನ ಮುಖ ನೋಡಿದರು. ಉತ್ತರ ಯಾರ ಬಳಿಯೂ ಇರಲಿಲ್ಲ. ಆ ಸಂಜೆ ಮಾವನವರು ಗಿರಾಕಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರಿಗೂ ಫೋನು ಮಾಡಿ, ತಮ್ಮ ಮಾಲನ್ನು ಇನ್ನೊಮ್ಮೆ ಅಳೆದುಕೊಳ್ಳಬೇಕೆಂದು ತಾವಾಗಿಯೇ ಹೇಳಿದರು. ಒಬ್ಬರು ಅಂದಿನಿಂದ ಆರ್ಡರು ಕೊಡುವುದನ್ನು ನಿಲ್ಲಿಸಿದರು. ಸುಮ್ಮನಿದ್ದಿದ್ದರೆ ನಿಲ್ಲಿಸುತ್ತಿರಲಿಲ್ಲವೇನೋ, ಆದರೂ ಮಾವನವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಅಳೆಯುವ ಉಪಕರಣವನ್ನೇ ಅದಕ್ಕಿಂತ ನಂಬಿಕಸ್ಥವಾದ ಇನ್ನೊಂದರ ಜೊತೆಗೆ ಹೋಲಿಸಿ, ಎಷ್ಟು ತಪ್ಪು ಹೇಳುತ್ತದೆ ಎಂದು ಬರೆದಿಡುವುದಕ್ಕೆ ಕ್ಯಾಲಿಬ್ರೇಶನ್ ಎಂದು ಹೆಸರು. ಇದು ರಿಪೇರಿಯಲ್ಲ. ತಪ್ಪನ್ನು ತಿದ್ದುವುದು ಆಮೇಲಿನ ಮಾತು. ತಪ್ಪು ಎಷ್ಟೆಂದು ತಿಳಿಯುವುದು ಮೊದಲಿನದು. ವರ್ಕ್‌ಶಾಪಿನ ಮೈಕ್ರೋಮೀಟರನ್ನು ಸ್ಲಿಪ್ ಗೇಜುಗಳೆಂಬ ಉಕ್ಕಿನ ಬಿಲ್ಲೆಗಳ ಜೊತೆ ಹೋಲಿಸುತ್ತಾರೆ. ಆ ಬಿಲ್ಲೆಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯ ಇನ್ನೂ ಶ್ರೇಷ್ಠವಾದ ಬಿಲ್ಲೆಗಳ ಜೊತೆ ಹೋಲಿಸುತ್ತದೆ. ಹೀಗೆ ಏಣಿ ಹತ್ತುತ್ತ ಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅದರಿಂದಾಚೆಗೆ ಮೀಟರಿನ ವ್ಯಾಖ್ಯೆ. ೧೯೮೩ರಿಂದೀಚೆಗೆ ಮೀಟರು ಎಂದರೆ ಬೆಳಕು ಶೂನ್ಯದಲ್ಲಿ ಒಂದು ಸೆಕೆಂಡಿನ ೨೯,೯೭,೯೨,೪೫೮ನೆಯ ಒಂದು ಪಾಲಿನಲ್ಲಿ ಸಾಗುವ ದೂರ. ಕಿಲೋಗ್ರಾಮಿನ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ೨೦೧೯ರ ಮೇ ೨೦ರವರೆಗೆ ಅದು ಪ್ಯಾರಿಸಿನ ಬಳಿ ಸೆವ್ರ್ ಎಂಬಲ್ಲಿ ಭದ್ರವಾಗಿಟ್ಟಿದ್ದ ಒಂದು ಲೋಹದ ಉರುಳೆ. ಜಗತ್ತಿನ ತೂಕಗಳಿಗೆಲ್ಲ ತಾಯಿ. ಅದನ್ನು ಅದರ ಪ್ರತಿಗಳೊಂದಿಗೆ ಹೋಲಿಸಿದಾಗ ಒಂದು ಶತಮಾನದಲ್ಲಿ ಸುಮಾರು ೫೦ ಮೈಕ್ರೋಗ್ರಾಮಿನಷ್ಟು ಅಂತರ ಬೆಳೆದದ್ದು ಕಂಡಿತು. ತಾಯಿ ಹಗುರಾದಳೋ ಮಕ್ಕಳು ಭಾರವಾದರೋ ಹೇಳುವಂತಿರಲಿಲ್ಲ. ಹೇಳಲು ಅವಳಿಗಿಂತ ಮೇಲಿನ ಅಳತೆ ಬೇಕಷ್ಟೆ.

ನಮ್ಮ ಪೂರ್ವಿಕರಿಗೂ ಈ ತೊಡಕು ತಿಳಿಯದಿರಲಿಲ್ಲ. ಶಾಸನಗಳಲ್ಲಿ ಭೂಮಿಯನ್ನು ದತ್ತಿ ಬಿಡುವಾಗ ಬರೀ ಇಷ್ಟು ಮತ್ತರು ಎನ್ನದೆ, ಇಂಥ ಗಳೆಯಲ್ಲಿ ಇಷ್ಟು ಮತ್ತರು ಎಂದು ಬರೆಸುತ್ತಿದ್ದರು. ಗಳೆಯ ಹೆಸರು ಹೇಳದಿದ್ದರೆ ಅಂಕಿಗೆ ಅರ್ಥವಿಲ್ಲ ಎಂಬುದು ಕಲ್ಲು ಕಡೆದವನಿಗೂ ಗೊತ್ತಿದ್ದಿತು.

ಇನ್ನು ತಂತ್ರಾಂಶದ ವಿಚಾರ. ಕಾರ್ಖಾನೆಗಳ ದುರಸ್ತಿ ಮತ್ತು ತಪಾಸಣೆಗಳ ಲೆಕ್ಕವಿಡುವ ತಂತ್ರಾಂಶಗಳು ಈಗ ತಿಂಗಳ ಬಾಡಿಗೆಗೆ ದೊರೆಯುತ್ತವೆ. "ನೀನು ಓದಿದವನು, ಇದನ್ನೊಂದು ದಾರಿಗೆ ಹಚ್ಚಪ್ಪ" ಎಂದು ಮಾವನವರು ಅಂಥದೊಂದನ್ನು ನನ್ನ ಕೊರಳಿಗೆ ಕಟ್ಟಿದರು. ಒಳಗೆ ನೋಡಿದರೆ ಅದರಲ್ಲಿ ಮಾಯೆಯೇನೂ ಇಲ್ಲ. ಪ್ರತಿಯೊಂದು ಉಪಕರಣಕ್ಕೂ ಒಂದು ಸಂಖ್ಯೆ, ಅದರ ವ್ಯಾಪ್ತಿ, ಇರುವ ಜಾಗ, ಹೊಣೆಗಾರನ ಹೆಸರು, ಕಳೆದ ಪರೀಕ್ಷೆಯ ದಿನ, ಎಷ್ಟು ತಿಂಗಳಿಗೊಮ್ಮೆ ಎಂಬ ಅವಧಿ. ಇಷ್ಟನ್ನು ತುಂಬಿದರೆ ಮುಂದಿನ ವಾಯಿದೆಯನ್ನು ಅದೇ ಗುಣಿಸಿ, ೩೦ ದಿನ ಮುಂಚೆ ಹೊಣೆಗಾರನಿಗೆ, ಅವನು ಅಲುಗದಿದ್ದರೆ ಯಜಮಾನನಿಗೆ, ಫೋನಿನಲ್ಲಿ ಸಂದೇಶ ಕಳುಹಿಸುತ್ತದೆ. ಡೈರಿಯ ಸೂಪರ್‌ವೈಸರು ಮಾಡುತ್ತಿದ್ದುದೂ ಇದನ್ನೇ. ಒಂದೇ ವ್ಯತ್ಯಾಸವೆಂದರೆ ಇದು ಕೆಲಸ ಬಿಟ್ಟು ಹೋಗುವುದಿಲ್ಲ.

ತುಂಬುವ ಕೆಲಸವೇ ಮೊದಲ ಪಾಠವಾಯಿತು. ಮಾವನವರ ಬಾಯಿಲೆಕ್ಕದಲ್ಲಿ ಉಪಕರಣಗಳು ೪೭. ಡ್ರಾಯರುಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದವು ೭೧. ಉಳಿದ ೨೪ ಎಲ್ಲಿದ್ದವು? ಕೆಲವು ಕೆಲಸಗಾರರ ಸ್ವಂತದವು, ಜೇಬಿನಲ್ಲಿದ್ದವು. ಕೆಲವು ಕೆಟ್ಟಿವೆ ಎಂದು ಎತ್ತಿಟ್ಟು, ಅವಸರದ ದಿನ ಮತ್ತೆ ಹೊರಕ್ಕೆ ಬಂದವು. ಪಟ್ಟಿಯಲ್ಲಿಲ್ಲದ ಉಪಕರಣಕ್ಕೆ ಎಂಥ ತಂತ್ರಾಂಶವೂ ವಾಯಿದೆ ನೆನಪಿಸಲಾರದು.

ಎರಡನೆಯ ತಪ್ಪು ನನ್ನದೇ. ಎಲ್ಲವಕ್ಕೂ ೧೨ ತಿಂಗಳು ಎಂದು ತುಂಬಿ, ಎಲ್ಲವನ್ನೂ ಒಂದೇ ವಾರ ಪ್ರಯೋಗಾಲಯಕ್ಕೆ ಕಳುಹಿಸಲು ಸಿದ್ಧಪಡಿಸಿದೆ. ನೋಡುವುದಕ್ಕೆ ಬಹಳ ಅಂದವಾಗಿದ್ದಿತು. ಮೇಸ್ತ್ರಿ ಪಟ್ಟಿಯನ್ನು ಓದಿ, "ಆ ವಾರ ನಾವು ಗೇಣು ಹಾಕಿ ಅಳೀಬೇಕೇನು ಬುದ್ಧಿ?" ಎಂದರು. ಆಮೇಲೆ ವಾಯಿದೆಗಳನ್ನು ವರ್ಷದುದ್ದಕ್ಕೂ ಹರಡಿ, ಒಂದೇ ಬಗೆಯ ಎರಡು ಉಪಕರಣಗಳು ಒಟ್ಟಿಗೆ ಹೊರಗೆ ಹೋಗದಂತೆ ಮಾಡಿದೆ.

ಅಷ್ಟಕ್ಕೂ ೧೨ ತಿಂಗಳೇ ಏಕೆ? ಈ ಪ್ರಶ್ನೆಗೆ ಪ್ರಯೋಗಾಲಯದ ಪ್ರಮಾಣಪತ್ರದಲ್ಲಿ ಉತ್ತರವಿರುವುದೆಂದು ನಾನು ತಿಳಿದಿದ್ದೆ. ಇಲ್ಲ. ಗಿರಾಕಿಯೊಂದಿಗೆ ಒಪ್ಪಂದವಾಗದ ಹೊರತು ಪ್ರಯೋಗಾಲಯವು ಮುಂದಿನ ವಾಯಿದೆಯನ್ನು ಪತ್ರದಲ್ಲಿ ಸೂಚಿಸಕೂಡದೆಂದು ಅವರ ಅಂತರರಾಷ್ಟ್ರೀಯ ಮಾನಕವೇ ಹೇಳುತ್ತದೆ. ಅಂಗಡಿಯ ತೂಕಕ್ಕೆ ಅವಧಿಯನ್ನು ಕಾನೂನು ಗೊತ್ತುಮಾಡುತ್ತದೆ. ವರ್ಕ್‌ಶಾಪಿನ ಮೈಕ್ರೋಮೀಟರಿಗೆ ಅದರ ಯಜಮಾನನೇ ಗೊತ್ತುಮಾಡಬೇಕು. ದಿನಕ್ಕೆ ನೂರು ಬಾರಿ ಬಳಸುವ ಉಪಕರಣಕ್ಕೂ ತಿಂಗಳಿಗೊಮ್ಮೆ ಪೆಟ್ಟಿಗೆಯಿಂದ ಏಳುವ ಉಪಕರಣಕ್ಕೂ ಒಂದೇ ಅವಧಿ ಹೇಗೆ ಸರಿ? ಓ.ಐ.ಎಂ.ಎಲ್. ಮತ್ತು ಐ.ಎಲ್.ಎ.ಸಿ. ಎಂಬ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳು ೨೦೦೭ರಲ್ಲಿ ಕೂಡಿ ಪ್ರಕಟಿಸಿ, ೨೦೨೨ರಲ್ಲಿ ಪರಿಷ್ಕರಿಸಿದ ಕೈಪಿಡಿಯೊಂದರಲ್ಲಿ ಇದಕ್ಕೆ ಹಲವು ಕ್ರಮಗಳಿವೆ. ಅವುಗಳಲ್ಲಿ ನನಗೆ ಹಿಡಿಸಿದ್ದು ಮೆಟ್ಟಿಲ ಕ್ರಮ. ಪರೀಕ್ಷೆಗೆ ಹೋದ ಉಪಕರಣವು ಒಪ್ಪಬಹುದಾದ ತಪ್ಪಿನ ಮಿತಿಯೊಳಗೆ ನೆಮ್ಮದಿಯಾಗಿದ್ದರೆ ಅವಧಿಯನ್ನು ಒಂದು ಮೆಟ್ಟಿಲು ಹಿಗ್ಗಿಸುವುದು; ಮಿತಿಯ ಹೊರಗಿದ್ದರೆ ಕುಗ್ಗಿಸುವುದು. ಕೆಲವು ಸುತ್ತುಗಳಲ್ಲಿ ಪ್ರತಿಯೊಂದು ಉಪಕರಣವೂ ತನಗೆ ತಕ್ಕ ಅವಧಿಯನ್ನು ತಾನೇ ಹೇಳಿಕೊಡುತ್ತದೆ.

ಕೆಲವು ಉಪಕರಣಗಳಿಗೆ ಪಂಚಾಂಗವೇ ಸಾಲದು. ಬೋಲ್ಟನ್ನು ಗೊತ್ತಾದ ಬಲದಿಂದ ಬಿಗಿಯುವ ಟಾರ್ಕ್ ರೆಂಚಿನ ವಿಷಯ ಹೀಗೆ. ಬಳಸುವವರು ತಮ್ಮದೇ ಆದ ಬೇರೆ ಕ್ರಮವನ್ನು ಇಟ್ಟುಕೊಳ್ಳದಿದ್ದರೆ ೧೨ ತಿಂಗಳು ಅಥವಾ ೫,೦೦೦ ಬಿಗಿತ, ಯಾವುದು ಮೊದಲು ಬರುವುದೋ ಆಗ, ಎಂದು ಅದರ ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ದಿನಕ್ಕೆ ೧೦೦ ಬೋಲ್ಟು ಬಿಗಿದರೆ ೫೦ ದಿನಕ್ಕೆ ವಾಯಿದೆ ಮುಗಿಯಿತು! ತಂತ್ರಾಂಶದಲ್ಲಿ ತಾರೀಖಿನ ಬದಲು ಎಣಿಕೆಯನ್ನೂ ತುಂಬಲು ಬರುತ್ತದೆ. ಆದರೆ ಎಣಿಕೆಯನ್ನು ದಿನವೂ ಯಾರಾದರೂ ಪ್ರಾಮಾಣಿಕವಾಗಿ ಬರೆಯಬೇಕು.

ಅಳತೆಯಿಲ್ಲದ ಸಾಮಾನುಗಳ ತಪಾಸಣೆಯಲ್ಲಿಯೂ ಇದೇ ಕಥೆ. ೧೯೪೮ರ ಕಾರ್ಖಾನೆ ಕಾಯ್ದೆಯ ೨೯ನೆಯ ಕಲಮಿನಲ್ಲಿ ಭಾರ ಎತ್ತುವ ಸರಪಳಿ ಹಗ್ಗಗಳನ್ನು ೧೨ ತಿಂಗಳಿಗೊಮ್ಮೆಯಾದರೂ ಬಲ್ಲವರಿಂದ ಪರೀಕ್ಷಿಸಿ ದಾಖಲೆ ಇಡಬೇಕೆಂದು ಬರೆದಿದ್ದಿತು. ಗ್ರೈಂಡಿಂಗ್ ಚಕ್ರವನ್ನಾದರೋ ಯಂತ್ರಕ್ಕೆ ಹಾಕುವ ಪ್ರತಿ ಸಲವೂ ನೋಡಬೇಕು. ನಮ್ಮ ಮೇಸ್ತ್ರಿ ಅದನ್ನು ಬೆರಳಿನಲ್ಲಿ ತೂಗುಹಾಕಿಕೊಂಡು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಾರೆ. ಗಟ್ಟಿಯಾಗಿದ್ದರೆ ಗಂಟೆಯಂತೆ ನಾದ. ಒಳಗೆ ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಬಿರುಕಿನ ಚಕ್ರ ತಿರುಗುವಾಗ ಸಿಡಿದರೆ ಮುಖ ಉಳಿಯುವುದಿಲ್ಲ. ನಾನು ಈ ತಪಾಸಣೆಗೆ ತಂತ್ರಾಂಶದಲ್ಲಿ 'ಆಯಿತು' ಎಂಬ ಒಂದು ಚೌಕ ಇಟ್ಟೆ. ಒಂದು ವಾರದಲ್ಲಿ ಎಲ್ಲ ಚೌಕಗಳೂ ಶನಿವಾರ ಸಂಜೆ ಐದು ಗಂಟೆಗೆ, ಎರಡು ನಿಮಿಷದೊಳಗೆ, ಭರ್ತಿಯಾಗಿದ್ದವು. ನಮ್ಮ ಕಾಲೇಜಿನ ಹಾಜರಿ ಪುಸ್ತಕ ನೆನಪಾಯಿತು, ಹೆಚ್ಚು ಹೇಳುವುದಿಲ್ಲ. ಮರುವಾರ ಚೌಕ ತೆಗೆದು, ಚಕ್ರದ ಸಂಖ್ಯೆಯನ್ನೂ, ಅದರ ಈ ದಿನದ ವ್ಯಾಸವನ್ನೂ ಬರೆಯಬೇಕೆಂದು ಮಾಡಿದೆವು. ವ್ಯಾಸ ಬರೆಯಬೇಕಾದರೆ ಚಕ್ರದ ಹತ್ತಿರ ಹೋಗಲೇಬೇಕಷ್ಟೆ.

ಆದರೆ ಇಂಜಿನಿಯರು ಕೇಳಿದ ಪ್ರಶ್ನೆ? ನೆನಪಿನ ಸಂದೇಶಗಳೆಲ್ಲ ಮುಂದಕ್ಕೆ ನೋಡುತ್ತವೆ. ಆ ಪ್ರಶ್ನೆ ಹಿಂದಕ್ಕೆ ನೋಡುವಂಥದು. ಐ.ಎಸ್.ಓ. ೯೦೦೧ರ ೨೦೧೫ರ ಆವೃತ್ತಿಯೂ ಇದನ್ನೇ ವಿಧಿಸಿತು: ಉಪಕರಣವೊಂದು ಕೆಟ್ಟಿದೆಯೆಂದು ಕಂಡುಬಂದರೆ ಅದರಿಂದ ಹಿಂದೆ ಮಾಡಿದ ಅಳತೆಗಳಿಗೆ ಬಾಧೆ ತಟ್ಟಿತೇ ಎಂದು ನಿರ್ಧರಿಸಬೇಕು. ಇದಕ್ಕೆ ಎರಡು ದಾಖಲೆಗಳು ಬೇಕು. ಒಂದು, ಉಪಕರಣವನ್ನು ತಿದ್ದುವುದಕ್ಕೆ ಮೊದಲು ಅದು ಎಷ್ಟು ತಪ್ಪು ಹೇಳುತ್ತಿದ್ದಿತು ಎಂಬುದು. ತಿದ್ದಿದ ಮೇಲಿನ ಸಂಖ್ಯೆಯನ್ನು ಮಾತ್ರ ಬರೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎರಡನೆಯದು, ಯಾವ ಕೆಲಸವನ್ನು ಯಾವ ಉಪಕರಣದಿಂದ ಅಳೆದರು ಎಂಬುದು. ಇದನ್ನು ಯಾವ ತಂತ್ರಾಂಶವೂ ತಾನಾಗಿ ತಿಳಿಯಲಾರದು. ನಾವು ಪ್ರತಿ ಕೆಲಸದ ಚೀಟಿಯ ಮೂಲೆಯಲ್ಲಿ ಉಪಕರಣದ ಸಂಖ್ಯೆಗೆಂದು ಒಂದು ಸಾಲು ಬಿಟ್ಟೆವು. ಮೊದಲ ತಿಂಗಳು ಅರ್ಧ ಚೀಟಿಗಳಲ್ಲಿ ಆ ಸಾಲು ಖಾಲಿ ಬಂದಿತು. ಸಾಲು ಖಾಲಿಯಿದ್ದ ಮಾಲು ಹೊರಕ್ಕೆ ಹೋಗಕೂಡದೆಂದು ಮಾವನವರು ಬಾಗಿಲಿನಲ್ಲಿ ನಿಂತ ಮೇಲೆ ತುಂಬತೊಡಗಿದರು. ಸೆಟ್ಟಿಂಗ್ ರಾಡನ್ನು ಹೊಸದಾಗಿ ತರಿಸಿ, ದಾರದಿಂದ ಪೆಟ್ಟಿಗೆಗೆ ಕಟ್ಟಿದ್ದಾರೆ.

ಕಾಲೇಜು ತೆರೆದ ಮೇಲೆ ನಮ್ಮ ಭೂಗೋಳ ವಿಭಾಗದ ಗೋಡೆಯಲ್ಲಿರುವ ವಾಯುಭಾರಮಾಪಕವನ್ನು ನೋಡಿ, ಇದನ್ನು ಹೋಲಿಸಿ ನೋಡಿ ಎಷ್ಟು ದಿನವಾಯಿತೆಂದು ಪ್ರಾಧ್ಯಾಪಕರನ್ನು ಕೇಳಿದೆ. ಅವರು ನಕ್ಕು, "ನೀನೇ ಪಟ್ಟಿ ಮಾಡಯ್ಯ" ಎಂದರು. ಕಳೆದ ಎರಡು ಶನಿವಾರಗಳಲ್ಲಿ ನಾವು ಮೂವರು ಸೇರಿ ೨೩ ಉಪಕರಣಗಳನ್ನು ಬರೆದಿದ್ದೇವೆ. ಉಳಿದವು ಒಳಗಿನ ಬೀರುವಿನಲ್ಲಿವೆ; ಅದರ ಬೀಗದ ಕೈಯನ್ನು ಹುಡುಕುತ್ತಿದ್ದಾರೆ.