ಆಧಾರ್ ಜೆರಾಕ್ಸ್ ಕೊಡಿ, ಸಾಕು!

ಮೂರನೇ ವರ್ಷದ ಬಿ.ಇ.ಗೆ ಬಂದ ಮೇಲೆ ಬ್ಯಾಗ್‌ನಲ್ಲಿ ಪುಸ್ತಕ ಇರುತ್ತದೋ ಇಲ್ಲವೋ, ಒಂದು ಪ್ಲಾಸ್ಟಿಕ್ ಫೈಲ್ ಮಾತ್ರ ಇದ್ದೇ ಇರುತ್ತದೆ. ಅದರೊಳಗೆ ನಾಲ್ಕು ರೆಸ್ಯೂಮೆ, ಆರು ಪಾಸ್‌ಪೋರ್ಟ್ ಸೈಜ್ ಫೋಟೊ, ಹತ್ತು ಆಧಾರ್ ಜೆರಾಕ್ಸ್. ಪಿ.ಜಿ.ಗೆ ಒಂದು, ಜಿಮ್‌ಗೆ ಒಂದು, ಆಪ್ಟಿಟ್ಯೂಡ್ ಕೋಚಿಂಗ್‌ಗೆ ಒಂದು, ವಾಕ್‌ಇನ್ ಇಂಟರ್‌ವ್ಯೂಗೆ ಹೋದರೆ ರಿಸೆಪ್ಶನ್‌ಗೆ ಇನ್ನೊಂದು. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಅಣ್ಣ ನಾನು ಬಾಯಿ ಬಿಡುವ ಮೊದಲೇ ‘ಎರಡೂ ಕಡೆ ಒಂದೇ ಪೇಜಿಗಾ?’ ಎನ್ನುತ್ತಾರೆ.

ಆ ಜೆರಾಕ್ಸ್‌ನಲ್ಲಿ ನನ್ನ ಮುಖ ಮಸಿಯ ಉಂಡೆಯಂತೆ ಕಾಣುತ್ತದೆ. ಇವತ್ತಿನವರೆಗೆ ಒಬ್ಬರೂ ಅದನ್ನು ನನ್ನ ಮುಖದ ಪಕ್ಕ ಹಿಡಿದು ನೋಡಿದ್ದಿಲ್ಲ. ಇಸಿದುಕೊಳ್ಳುತ್ತಾರೆ, ಪಂಚ್ ಮಾಡುತ್ತಾರೆ, ಫೈಲಿಗೆ ಸೇರಿಸುತ್ತಾರೆ. ‘ವೆರಿಫಿಕೇಶನ್’ ಮುಗಿಯಿತು!

ನನಗೂ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಕಳೆದ ವರ್ಷ ಗೆಳೆಯನೊಬ್ಬ ಸಂಚಾರ್ ಸಾಥಿ ಪೋರ್ಟಲ್ ಬಗ್ಗೆ ಹೇಳಿದ. ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂದು ಅದರಲ್ಲಿ ನೋಡಬಹುದಂತೆ. ಬ್ರೇಕ್‌ನಲ್ಲಿ ಎಲ್ಲರೂ ತಮಾಷೆಗೆ ಒಟಿಪಿ ಹಾಕಿ ನೋಡಿದೆವು. ನನ್ನ ಪಟ್ಟಿಯಲ್ಲಿ ಮೂರು ಬಂದವು. ಒಂದು ನನ್ನದು, ಒಂದು ಅಮ್ಮನಿಗೆ ನಾನು ತೆಗೆಸಿಕೊಟ್ಟದ್ದು. ಮೂರನೆಯದು?

ಎರಡು ದಿನ ತಲೆ ಕೆರೆದುಕೊಂಡ ಮೇಲೆ ಒಂದು ಸಂಗತಿ ನೆನಪಾಯಿತು. 2023ರಲ್ಲಿ ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗ್‌ಗೆ ಕಾಯುತ್ತಿದ್ದೆ. ಆಗಷ್ಟೇ ಹದಿನೆಂಟು ತುಂಬಿತ್ತು. ಮನೆಯಲ್ಲೇ ಕುಳಿತು ಡೇಟಾ ಎಂಟ್ರಿ ಮಾಡಿ ಸಂಪಾದಿಸಿ ಎಂಬ ಮೆಸೇಜ್ ನೋಡಿ ಆಧಾರ್‌ನ ಎರಡೂ ಬದಿಯ ಫೋಟೊ, ಜತೆಗೊಂದು ಸೆಲ್ಫಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೆ. ಕೆಲಸ ಬರಲಿಲ್ಲ, ಉತ್ತರವೂ ಬರಲಿಲ್ಲ. ದುಡ್ಡು ಕೇಳಲಿಲ್ಲವಲ್ಲ, ಬಚಾವಾದೆ ಅಂದುಕೊಂಡಿದ್ದೆ. ಆ ಸಿಮ್ ಅಲ್ಲಿಂದಲೇ ಹುಟ್ಟಿತು ಎಂದು ಆಣೆ ಮಾಡಿ ಹೇಳಲಾರೆ. ಅಷ್ಟೊಂದು ಜೆರಾಕ್ಸ್ ಹಂಚಿದವನು ಯಾರನ್ನು ಅಂತ ದೂರುವುದು? ಆದರೆ ಆ ನಂಬರಿನಿಂದ ಯಾರಾದರೂ ಯಾರಿಗಾದರೂ ಮೋಸ ಮಾಡಿದ್ದರೆ, ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ಅರಸೀಕೆರೆಯ ನಮ್ಮ ಮನೆಯದ್ದು. ಪೋರ್ಟಲ್‌ನಲ್ಲೇ ‘ಇದು ನನ್ನ ನಂಬರ್ ಅಲ್ಲ’ ಎಂದು ದೂರು ಕೊಟ್ಟೆ. ಕೆಲವು ವಾರಗಳ ನಂತರ ಅದು ಪಟ್ಟಿಯಿಂದ ಹೋಯಿತು. ಅಲ್ಲಿಯವರೆಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದಾಗಲೆಲ್ಲ ಎದೆ ಢವಢವ. ಅಪ್ಪನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಆಮೇಲೆ ಕುತೂಹಲಕ್ಕೆ ಓದುತ್ತಾ ಹೋದೆ. ಆಧಾರ್‌ನ ಹನ್ನೆರಡು ಅಂಕಿಗಳಲ್ಲಿ ಕೊನೆಯದು ‘ಚೆಕ್ ಡಿಜಿಟ್’. 1969ರಲ್ಲಿ ಡಚ್ ಗಣಿತಜ್ಞ ವೆರ್ಹೂಫ್ ಪ್ರಕಟಿಸಿದ ಸೂತ್ರವೊಂದು ಅದನ್ನು ನಿರ್ಧರಿಸುತ್ತದೆ. ಒಂದು ಅಂಕಿ ತಪ್ಪಿದರೆ ಅಥವಾ ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೆ ಅದು ಹಿಡಿಯುತ್ತದೆ. ಕೆಲವು ಆನ್‌ಲೈನ್ ಫಾರ್ಮ್‌ಗಳಲ್ಲಿ ನಂಬರ್ ತಪ್ಪಾಗಿ ಟೈಪ್ ಮಾಡಿದ ತಕ್ಷಣ ಕೆಂಪು ಗೆರೆ ಬರುವುದು ಹೀಗೆ. ಅದನ್ನು ನೋಡಿ ‘ಅಬ್ಬಾ, ಸರ್ಕಾರದ ಸರ್ವರ್ ಜತೆ ತಾಳೆ ನೋಡುತ್ತಿದ್ದಾರೆ’ ಎಂದು ನಾನು ನಂಬಿದ್ದೆ. ಆದರೆ ಅಷ್ಟು ಲೆಕ್ಕವನ್ನು ನಮ್ಮ ಲ್ಯಾಬ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು. ಸಂಖ್ಯೆಯ ರೂಪ ಸರಿ ಇದೆ ಎಂದಷ್ಟೇ ಅದು ಹೇಳುತ್ತದೆ. ಅದು ನನ್ನದೇ ಎಂದಲ್ಲ.

ಹಾಗಾದರೆ ನಿಜವಾದ ಪರಿಶೀಲನೆ ಯಾವುದು? ಕಾರ್ಡಿನ ಮೇಲೇ ಇದೆ: ಕ್ಯುಆರ್ ಕೋಡ್. ಅದರಲ್ಲಿ ಹೆಸರು, ವಿಳಾಸ, ಫೋಟೊ ಇರುತ್ತವೆ, ಯುಐಡಿಎಐನ ಡಿಜಿಟಲ್ ಸಹಿಯೂ ಇರುತ್ತದೆ. ಅವರ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಕಾರ್ಡು ಅಸಲಿಯೋ ಫೋಟೊಶಾಪ್‌ನದೋ ಗೊತ್ತಾಗುತ್ತದೆ. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕನ್ನಷ್ಟೇ ತೋರಿಸುವ ಮಾಸ್ಕ್ಡ್ ಆಧಾರ್ ಇದೆ. ದೃಢೀಕರಣಕ್ಕೆ ಆಧಾರ್ ಸಂಖ್ಯೆಯ ಬದಲು ಕೊಡಬಹುದಾದ ಹದಿನಾರು ಅಂಕಿಯ ವರ್ಚುವಲ್ ಐಡಿ 2018ರಿಂದಲೂ ಇದೆ. ಬೇಕೆಂದಾಗ ಹೊಸದು ಪಡೆಯಬಹುದು. ದಾರಿಗಳೇನೋ ಇವೆ. ನನ್ನ ಕಾರ್ಡಿನ ಕ್ಯುಆರ್ ಅನ್ನು ಮಾತ್ರ ಇದುವರೆಗೆ ಸ್ಕ್ಯಾನ್ ಮಾಡಿದವನು ನಾನೊಬ್ಬನೇ.

ಕಾನೂನಿನ ಕಥೆ ಇನ್ನೂ ಸ್ವಾರಸ್ಯದ್ದು, ಅದು ಶುರುವಾಗಿದ್ದು ನಮ್ಮ ಬೆಂಗಳೂರಿನಿಂದಲೇ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಹೋದಾಗ ಅವರಿಗೆ 86 ವರ್ಷ. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಮರುವರ್ಷ ಸೆಪ್ಟೆಂಬರ್ 26ರಂದು ಆಧಾರ್ ಅನ್ನು ಎತ್ತಿಹಿಡಿದರೂ, ಖಾಸಗಿ ಕಂಪನಿಗಳಿಗೆ ಆಧಾರ್ ದೃಢೀಕರಣಕ್ಕೆ ದಾರಿ ಮಾಡಿದ್ದ 57ನೇ ಸೆಕ್ಷನ್‌ನ ಭಾಗವನ್ನು ಕೋರ್ಟ್ ರದ್ದು ಮಾಡಿತು. 2019ರ ತಿದ್ದುಪಡಿ ಬ್ಯಾಂಕ್ ಮತ್ತು ಟೆಲಿಕಾಂಗೆ ಗ್ರಾಹಕರ ಸ್ವಇಚ್ಛೆಯ ಮೇಲೆ ಬಾಗಿಲು ತೆರೆಯಿತು. 2025ರ ಜನವರಿಯ ಹೊಸ ನಿಯಮಗಳು ಉಳಿದ ಖಾಸಗಿ ಸಂಸ್ಥೆಗಳೂ ಅನುಮತಿ ಕೇಳಬಹುದು ಎಂದವು. ಪುಟ್ಟಸ್ವಾಮಿ ಅದನ್ನು ನೋಡಲಿಲ್ಲ, 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದರು.

ಸರ್ಕಾರಕ್ಕೂ ಈ ಜೆರಾಕ್ಸ್ ವಿಷಯದಲ್ಲಿ ಗೊಂದಲ ಇದ್ದಂತಿದೆ. 2022ರ ಮೇ 27ರಂದು ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಜನ ತಪ್ಪು ತಿಳಿಯಬಹುದೆಂದು 29ರಂದು ಅದನ್ನು ವಾಪಸ್ ಪಡೆಯಲಾಯಿತು. ಎರಡೇ ದಿನ! ಆ ಸಲಹೆ ಉಳಿದಿದ್ದರೆ ಮರುವರ್ಷ ನನ್ನಂಥವನ ಕಿವಿಗೂ ಬೀಳುತ್ತಿತ್ತೇನೋ.

ಇಷ್ಟೆಲ್ಲ ಓದಿದ ಹುಮ್ಮಸ್ಸಿನಲ್ಲಿ ಪಿ.ಜಿ. ಬದಲಿಸುವಾಗ ಮಾಸ್ಕ್ಡ್ ಆಧಾರ್ ಕೊಟ್ಟೆ. ಮಾಲೀಕರು ‘ಇದೇನ್ರೀ, ಪ್ರಿಂಟ್ ಸರಿ ಬಂದಿಲ್ಲ’ ಎಂದರು. ವಿವರಿಸಿದೆ. ನಕ್ಕು ಇಟ್ಟುಕೊಂಡರು. ಮೊದಲ ಗೆಲುವು ಎಂದು ಹಿಗ್ಗಿದೆ.

ಹಿಗ್ಗು ಇಳಿಯಲು ಎರಡೇ ತಿಂಗಳು ಸಾಕಾಯಿತು. ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಮೂರು ಸುತ್ತು ದಾಟಿ ಬಂದ ಅವಕಾಶ, ಸ್ಟೈಪೆಂಡ್ ಕೂಡ ಇತ್ತು. ದಾಖಲೆ ಸಲ್ಲಿಸುವ ಫಾರ್ಮ್‌ನಲ್ಲಿ ಆಧಾರ್ ಸಂಖ್ಯೆಯ ಜಾಗ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಕೆಳಗೊಂದು ಚೌಕ: ‘ನಾನು ಸ್ವಇಚ್ಛೆಯಿಂದ ನೀಡುತ್ತಿದ್ದೇನೆ’. ಮಾಸ್ಕ್ಡ್ ಆಧಾರ್ ಅಥವಾ ಪ್ಯಾನ್ ಕೊಡುತ್ತೇನೆ ಎಂದು ಎಚ್‌ಆರ್‌ಗೆ ವಿನಯದಿಂದ ಮೇಲ್ ಬರೆದೆ. ಎರಡು ದಿನ ಉತ್ತರವಿಲ್ಲ. ಅಷ್ಟರಲ್ಲಿ ನನ್ನ ಜತೆ ಆಯ್ಕೆಯಾದವರಿಗೆ ಜಾಯಿನಿಂಗ್ ತಾರೀಕು ಬಂತು. ಮೂರನೇ ದಿನ ಒಂದು ಸಾಲು: ಸಿಸ್ಟಂ ತೆಗೆದುಕೊಳ್ಳುವುದಿಲ್ಲ, ಇಂದು ಸಂಜೆಯೊಳಗೆ ಭರ್ತಿ ಮಾಡದಿದ್ದರೆ ಮುಂದಿನ ಅಭ್ಯರ್ಥಿಗೆ ಕೊಡುತ್ತೇವೆ.

ಹನ್ನೆರಡೂ ಅಂಕಿ ಟೈಪ್ ಮಾಡಿದೆ. ‘ಸ್ವಇಚ್ಛೆ’ಯ ಚೌಕಕ್ಕೂ ಟಿಕ್ ಹಾಕಿದೆ. ಬ್ಯಾಂಕಿನಲ್ಲಿ ಆಗದಿದ್ದರೆ ಇನ್ನೊಂದು ಬ್ಯಾಂಕಿಗೆ ಹೋಗಬಹುದು. ಕೆಲಸ ಹುಡುಕುವವನು ಎಲ್ಲಿಗೆ ಹೋಗುತ್ತಾನೆ? ನನ್ನನ್ನು ಹೇಡಿ ಎನ್ನುವವರು ಎನ್ನಲಿ, ಹಾಸ್ಟೆಲ್‌ನಲ್ಲಿ ಆಗಲೇ ಇಬ್ಬರು ಅಂದಿದ್ದಾರೆ. ಅವತ್ತೇ ರಾತ್ರಿ ಬಯೊಮೆಟ್ರಿಕ್ ಲಾಕ್ ಮಾಡಿದೆ. ಈಗ ಪ್ರತಿ ತಿಂಗಳ ಒಂದನೇ ತಾರೀಕು ಸಂಚಾರ್ ಸಾಥಿ ನೋಡುತ್ತೇನೆ.

ಇಂಟರ್ನ್‌ಶಿಪ್‌ನ ಮೊದಲ ದಿನ ಗೇಟಿನಲ್ಲಿ ಸೆಕ್ಯುರಿಟಿಯವರು ರಿಜಿಸ್ಟರ್ ಮುಂದಿಟ್ಟು ‘ಆಧಾರ್ ನಂಬರ್ ಬರೀರಿ’ ಎಂದರು. ತೆರೆದ ಪುಟದಲ್ಲಿ ನನಗಿಂತ ಮೊದಲು ಬಂದವರ ಹೆಸರು, ಮೊಬೈಲ್, ಪೂರ್ತಿ ಹನ್ನೆರಡು ಅಂಕಿ, ಎಲ್ಲ ಸಾಲಾಗಿ ಕಾಣುತ್ತಿದ್ದವು. ನಾನು ಕೊನೆಯ ನಾಲ್ಕು ಅಂಕಿ ಬರೆದೆ. ‘ಪೂರ್ತಿ ಬರೀರಿ’ ಎಂದರು. ಫೋನಿನಲ್ಲಿದ್ದ ಮಾಸ್ಕ್ಡ್ ಕಾರ್ಡ್ ತೋರಿಸಿ, ಸಿಮ್ಮಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಸಂಜೆ ಹೋಗುವಾಗ ತಮ್ಮ ಫೋನಿನಲ್ಲೂ ಒಮ್ಮೆ ನೋಡಿಕೊಡುವಂತೆ ಕೇಳಿದರು.

ನೋಡಿಕೊಟ್ಟೆ. ಎರಡು ನಂಬರ್ ಇದ್ದವು. ಎರಡೂ ಅವರದ್ದೇ.