ಕ್ಯಾಸಿನೊ ಅಂಗಣದ ಜಮಾ-ಖರ್ಚು

ಕಳೆದ ವರ್ಷ ಆಷಾಢ ಮಾಸದಲ್ಲಿ ನಮ್ಮ ಭಾಗದ ನಾಲ್ವರು ವ್ಯಾಪಾರಸ್ಥ ಮಿತ್ರರು ಒಂದು ನಕ್ಷೆಯನ್ನು ಹಿಡಿದು ನನ್ನ ಕಚೇರಿಗೆ ಬಂದರು. ಇಬ್ಬರು ರೇಷ್ಮೆ ವ್ಯಾಪಾರದವರು, ಒಬ್ಬರು ಟೊಮೇಟೊ ಮಂಡಿಯವರು, ಇನ್ನೊಬ್ಬರು ಪೆಟ್ರೋಲ್ ಬಂಕಿನ ಮಾಲೀಕರು. ಕೈವಾರದ ಸಮೀಪ ತಮಗಿರುವ ಜಮೀನಿನಲ್ಲಿ ರೆಸಾರ್ಟ್ ಒಂದನ್ನು ಕಟ್ಟಿ, ಅದಕ್ಕೆ ಹೊಂದಿಕೊಂಡಂತೆ ಮೂರು ಸಾವಿರ ಆಸನಗಳ ಒಳಾಂಗಣವನ್ನು ನಿರ್ಮಿಸಬೇಕೆಂಬುದು ಅವರ ಯೋಜನೆ. ಅಂಗಣಕ್ಕೆಂದೇ ಇಪ್ಪತ್ತು ಕೋಟಿ ರೂಪಾಯಿ ಸಾಲ. ಅದಕ್ಕೆ ನಾಲ್ಕೂ ಮನೆಗಳ ಪಿತ್ರಾರ್ಜಿತ ಆಸ್ತಿ ಅಡಮಾನ. ಅವರಲ್ಲಿ ಹಿರಿಯರಾದವರು ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಲಾಸ್ ವೇಗಾಸ್ ನಗರದ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲಿನ ಅಂಗಣವನ್ನು ನೋಡಿ ಬಂದಿದ್ದರು. "ಆಡಿಟರೇ, ಒಂದೇ ರಾತ್ರಿಯಲ್ಲಿ ನೂರಾರು ಕೋಟಿ ಎತ್ತುತ್ತಾರೆ. ಅದರ ನೂರರಲ್ಲಿ ಒಂದು ಪಾಲು ನಮಗೆ ಆಗದೇ?" ಎಂಬುದು ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ಆ ಅಂಗಣದ ಚರಿತ್ರೆಯನ್ನು ಲೆಕ್ಕಪತ್ರದ ಕಣ್ಣಿನಿಂದ ನೋಡಲು ಕುಳಿತೆ. ಕಂಡದ್ದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ನೆವಾಡಾ ರಾಜ್ಯವು ಜೂಜನ್ನು ಕಾನೂನುಬದ್ಧಗೊಳಿಸಿದ್ದು 1931ರಲ್ಲಿ. ಆರಂಭದ ದಶಕಗಳಲ್ಲಿ ಅಲ್ಲಿನ ಹೋಟೆಲುಗಳಿಗೆ ಸಣ್ಣ ನಾಟ್ಯಶಾಲೆಗಳೂ ಗಾಯಕರ ವೇದಿಕೆಗಳೂ ಸಾಕಾಗಿದ್ದವು. ಮುಷ್ಟಿಯುದ್ಧದ ದೊಡ್ಡ ಪಂದ್ಯಗಳಿಗೆ ಸೀಸರ್ಸ್ ಪ್ಯಾಲೇಸ್ ಹೋಟೆಲು ಹಿತ್ತಲಿನ ಬಯಲಿನಲ್ಲಿ ತಾತ್ಕಾಲಿಕ ಆಸನಗಳನ್ನು ಹಾಕುತ್ತಿತ್ತು. ಕರ್ಕ್ ಕರ್ಕೋರಿಯನ್ ಎಂಬ ಉದ್ಯಮಿ ಕಟ್ಟಿಸಿದ ಎಂ.ಜಿ.ಎಂ. ಗ್ರ್ಯಾಂಡ್ 1993ರ ಡಿಸೆಂಬರ್ 18ರಂದು ಬಾಗಿಲು ತೆರೆಯಿತು. ಐದು ಸಾವಿರಕ್ಕೂ ಹೆಚ್ಚು ಕೊಠಡಿಗಳು, ಸುಮಾರು ನೂರು ಕೋಟಿ ಡಾಲರ್ ವೆಚ್ಚ. ಜೂಜಿನ ಸಭಾಂಗಣದ ಜೊತೆಗೆ ಮಕ್ಕಳ ವಿನೋದಕ್ಕೆ ಒಂದು ಉದ್ಯಾನ, ಮತ್ತು ಸುಮಾರು ಹದಿನೇಳು ಸಾವಿರ ಜನ ಕೂರಬಹುದಾದ 'ಗ್ರ್ಯಾಂಡ್ ಗಾರ್ಡನ್' ಅಂಗಣ. ವಿನೋದೋದ್ಯಾನ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಅಂಗಣ ಉಳಿಯಿತು.

ಅಂಗಣದ ಪ್ರಾರಂಭೋತ್ಸವವೇ ಒಂದು ವ್ಯಾಪಾರ ಪಾಠ. ಎರಡು ದಶಕಗಳಿಗೂ ಹೆಚ್ಚು ಕಾಲ ಟಿಕೆಟ್ ಕಚೇರಿಗಳಿಂದ ದೂರವಿದ್ದ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ 1993ರ ಡಿಸೆಂಬರ್ 31 ಹಾಗೂ 1994ರ ಜನವರಿ 1ರಂದು ಅಲ್ಲಿ ಹಾಡಿದರು. ಹೊಸ ವರ್ಷದ ಎರಡು ರಾತ್ರಿಗಳು. ಹೋಟೆಲಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಜಾಹೀರಾತಿಗೆ ಪ್ರತ್ಯೇಕವಾಗಿ ಹಣ ಕೊಟ್ಟಿದ್ದರೂ ಅಷ್ಟು ಪ್ರಚಾರ ದೊರೆಯುತ್ತಿರಲಿಲ್ಲ.

ಅನಂತರದ್ದು ಮುಷ್ಟಿಯುದ್ಧದ ಯುಗ. 1994ರ ನವೆಂಬರ್ 5ರಂದು ನಲವತ್ತೈದು ವರ್ಷದ ಜಾರ್ಜ್ ಫೋರ್‌ಮನ್, ಮೈಕಲ್ ಮೂರರ್ ಎಂಬ ಯುವಕನನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿ, ಇಪ್ಪತ್ತು ವರ್ಷಗಳ ಹಿಂದೆ ಮುಹಮ್ಮದ್ ಅಲಿಗೆ ಸೋತು ಕಳೆದುಕೊಂಡಿದ್ದ ಕಿರೀಟವನ್ನು ಮರಳಿ ಪಡೆದದ್ದು ಈ ಅಂಗಣದಲ್ಲೇ. 1995ರ ಆಗಸ್ಟ್ 19ರಂದು ಸೆರೆಮನೆಯಿಂದ ಹೊರಬಂದಿದ್ದ ಮೈಕ್ ಟೈಸನ್ ಇಲ್ಲಿ ಆಡಿದ ಪಂದ್ಯ 89 ಸೆಕೆಂಡುಗಳಲ್ಲಿ ಮುಗಿಯಿತು. ಟಿಕೆಟ್ ಕೊಂಡವರಿಗೆ ಇದು ನಷ್ಟವೆಂದು ಯಾರಿಗಾದರೂ ತೋರಬಹುದು, ಹೋಟೆಲಿನವರಿಗೆ ಅಲ್ಲ. ಪಂದ್ಯ ಬೇಗ ಮುಗಿದಷ್ಟೂ ಪ್ರೇಕ್ಷಕರು ಜೂಜಿನ ಮೇಜುಗಳಿಗೆ ಬೇಗ ಮರಳುತ್ತಾರೆ.

ಈ ಸಂಬಂಧವು ಎಷ್ಟು ಗಾಢವೆಂಬುದು 1997ರ ಜೂನ್ 28ರ ರಾತ್ರಿ ತಲೆಕೆಳಗಾಗಿ ಗೋಚರಿಸಿತು. ಇವ್ಯಾಂಡರ್ ಹೋಲಿಫೀಲ್ಡ್ ಅವರ ಕಿವಿಯನ್ನು ಟೈಸನ್ ಕಚ್ಚಿದ, ಜಗತ್ತೇ ಬಲ್ಲ ಪಂದ್ಯವದು. ಟೈಸನ್‌ಗೆ ಮೂವತ್ತು ಲಕ್ಷ ಡಾಲರ್ ದಂಡ, ಪರವಾನಗಿ ರದ್ದು. ಪತ್ರಿಕೆಗಳು ಕಿವಿಯ ಬಗ್ಗೆ ಬರೆದವು. ನನ್ನ ಗಮನ ಸೆಳೆದದ್ದು ಬೇರೆ: ಪಂದ್ಯದ ತರುವಾಯ ಹೋಟೆಲಿನೊಳಗೆ ಗಾಬರಿ, ನೂಕುನುಗ್ಗಲುಂಟಾಗಿ ಜೂಜಿನ ಮೇಜುಗಳನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅಂಗಣದ ಟಿಕೆಟ್ ಹಣ ಆಗಲೇ ಪೆಟ್ಟಿಗೆಯಲ್ಲಿತ್ತು. ಆದರೆ ಆ ರಾತ್ರಿಯ ನಿಜವಾದ ವ್ಯಾಪಾರ ಹೊರಗಿನ ಮೇಜುಗಳಲ್ಲಿ ನಡೆಯಬೇಕಿತ್ತು.

ನಮ್ಮ ಮಿತ್ರರು ಹೇಳಿದ 'ಒಂದು ರಾತ್ರಿಯ ನೂರಾರು ಕೋಟಿ' ಬಹುಶಃ 2015ರ ಮೇ 2ರದು. ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪ್ಯಾಕಿಯಾವೊ ನಡುವಣ ಆ ಪಂದ್ಯದ ಟಿಕೆಟ್ ವಸೂಲಿ ಸುಮಾರು 7.2 ಕೋಟಿ ಡಾಲರ್. ಅಮೆರಿಕದಲ್ಲಿ ಸುಮಾರು 46 ಲಕ್ಷ ಮನೆಗಳು ಹಣ ತೆತ್ತು ದೂರದರ್ಶನದಲ್ಲಿ ನೋಡಿದವು. ಆದರೆ ಇನ್ನೊಂದು ಅಂಕಿಯನ್ನೂ ಓದಬೇಕು. ಹದಿನಾರು ಸಾವಿರಕ್ಕೂ ಹೆಚ್ಚು ಆಸನಗಳಲ್ಲಿ ಸಾರ್ವಜನಿಕ ಮಾರಾಟಕ್ಕೆ ಬಂದ ಟಿಕೆಟ್ಟುಗಳು ಒಂದು ಸಾವಿರಕ್ಕೂ ಕಡಿಮೆ. ಉಳಿದವು ಹೋಟೆಲು, ಪ್ರವರ್ತಕರು ಹಾಗೂ ಎರಡು ಪಾಳಯಗಳ ನಡುವೆ ಹಂಚಿಹೋದವು. ಹೋಟೆಲಿಗೆ ಬಂದ ಪಾಲು ಹೆಚ್ಚಾಗಿ ಸೇರುವುದು ಭಾರೀ ಮೊತ್ತದ ಜೂಜುಗಾರರ ಕೈಗೆ. ಜವಳಿ ಅಂಗಡಿಯವರು ಮದುವೆ ಬಟ್ಟೆ ಕೊಳ್ಳಲು ಬಂದ ಮನೆಯವರಿಗೆ ಕಾಫಿ ತರಿಸಿಕೊಡುವುದಿಲ್ಲವೇ? ಇಲ್ಲಿ ಕಾಫಿಯ ಜಾಗದಲ್ಲಿ ಸಾವಿರಾರು ಡಾಲರುಗಳ ಆಸನ, ಅಷ್ಟೇ ವ್ಯತ್ಯಾಸ.

ನನ್ನ ವೃತ್ತಿಬಾಂಧವರಿಗೆ ಆಸಕ್ತಿಯೆನಿಸಬಹುದಾದ ಒಂದು ವಿಷಯವಿದೆ. ಅಮೆರಿಕದ ಕ್ಯಾಸಿನೊ ಕಂಪನಿಗಳು ಬಹುಕಾಲ ಹೀಗೆ ಉಚಿತವಾಗಿ ಕೊಟ್ಟ ಕೊಠಡಿ, ಊಟ, ಮನರಂಜನೆಗಳ ಬೆಲೆಯನ್ನು ಮೊದಲು ಆದಾಯವೆಂದು ಜಮಾ ತೋರಿಸಿ, ಅನಂತರ 'ಪ್ರಚಾರ ರಿಯಾಯಿತಿ' ಎಂಬ ಶೀರ್ಷಿಕೆಯಲ್ಲಿ ಒಟ್ಟಾಗಿ ಕಳೆಯುತ್ತಿದ್ದವು. ಆದಾಯ ಕುರಿತ ಹೊಸ ಲೆಕ್ಕಮಾನಕವು 2018ರಲ್ಲಿ ಜಾರಿಗೆ ಬಂದ ಮೇಲೆ ಆ ಪದ್ಧತಿ ನಿಂತಿತು. ಜೂಜುಗಾರನಿಂದ ಬಂದ ಹಣದ ಒಂದು ಭಾಗವನ್ನು ಅವನಿಗೆ ಕೊಟ್ಟ ಕೊಠಡಿ, ಊಟ, ಟಿಕೆಟ್ಟುಗಳ ಬಿಡಿ ಬೆಲೆಗೆ ಅನುಗುಣವಾಗಿ ಆಯಾ ವಿಭಾಗದ ಆದಾಯವಾಗಿ ತೋರಿಸಬೇಕಾಯಿತು. ನಮ್ಮಲ್ಲಿ 2018ರ ಏಪ್ರಿಲ್ 1ರಿಂದ ಜಾರಿಯಾದ ಇಂಡ್ ಎ.ಎಸ್. 115 ಇದರ ಸೋದರ ಸಂಬಂಧಿ. ಅರ್ಥವಿಷ್ಟೆ: ಪುಸ್ತಕದಲ್ಲಿ ಮನರಂಜನೆಯ ಆದಾಯವೆಂದು ಕಾಣುವ ಮೊತ್ತದಲ್ಲೂ ಜೂಜಿನ ಹಣ ಬೆರೆತಿರುತ್ತದೆ. ಅಂಗಣವೊಂದನ್ನೇ ಬಿಡಿಸಿ 'ಇದು ಲಾಭದಲ್ಲಿದೆ' ಎನ್ನುವುದು ಕಷ್ಟ.

ಕನೆಕ್ಟಿಕಟ್ ರಾಜ್ಯದ ಮೊಹೀಗನ್ ಎಂಬ ಮೂಲನಿವಾಸಿ ಬುಡಕಟ್ಟು 1996ರಲ್ಲಿ ತನ್ನ ನೆಲದಲ್ಲಿ ಕ್ಯಾಸಿನೊ ತೆರೆದು, 2001ರಲ್ಲಿ ಹತ್ತು ಸಾವಿರ ಆಸನಗಳ ಅಂಗಣ ಕಟ್ಟಿತು. ಆಸನ ತುಂಬಿಸಲು 2003ರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡವನ್ನೇ ಖರೀದಿಸಿತು. ಅಂಗಣ ಕಟ್ಟಿದವರು ಅದಕ್ಕೆ ಆಟವನ್ನೂ ಕೊಳ್ಳಬೇಕಾಗಿ ಬರುತ್ತದೆಂಬುದಕ್ಕೆ ಇದು ಸಾಕ್ಷಿ.

ಗ್ರ್ಯಾಂಡ್ ಗಾರ್ಡನ್ನಿನ ಏಕಸ್ವಾಮ್ಯವೂ ಉಳಿಯಲಿಲ್ಲ. 2016ರ ಏಪ್ರಿಲ್‌ನಲ್ಲಿ ಅದೇ ಕಂಪನಿ ಪಾಲುದಾರರೊಂದಿಗೆ ಕೂಗಳತೆಯ ದೂರದಲ್ಲಿ ಇಪ್ಪತ್ತು ಸಾವಿರ ಜನರ ಟಿ-ಮೊಬೈಲ್ ಅಂಗಣವನ್ನು ತೆರೆಯಿತು. ದೊಡ್ಡ ಪಂದ್ಯಗಳಲ್ಲಿ ಹಲವು ಅತ್ತ ಹೋದವು. 2020ರಲ್ಲಿ ಕೋವಿಡ್ ಬಂದಾಗ ಲಾಸ್ ವೇಗಾಸಿನ ಕ್ಯಾಸಿನೊಗಳು ಮಾರ್ಚ್ ನಡುವಿನಿಂದ ಜೂನ್ ಆರಂಭದವರೆಗೆ ಪೂರ್ತಿ ಮುಚ್ಚಿದ್ದವು. ಮತ್ತೆ ತೆರೆದಾಗ ಎಂ.ಜಿ.ಎಂ. ಗ್ರ್ಯಾಂಡಿನಲ್ಲಿ ಮುಷ್ಟಿಯುದ್ಧ ನಡೆದದ್ದು ಅಂಗಣದಲ್ಲಲ್ಲ. ಪ್ರೇಕ್ಷಕರಿಲ್ಲದೆ, ಹೋಟೆಲಿನ ಸಮ್ಮೇಳನ ಭವನದಲ್ಲಿ.

ಇದೇ ಪ್ರಯೋಗವನ್ನು ನಾವು ಬೆಂಗಳೂರಿನಲ್ಲೂ ಕಂಡೆವು. ಪ್ರೊ ಕಬಡ್ಡಿಯ ಎಂಟನೆಯ ಆವೃತ್ತಿ ಇಡಿಯಾಗಿ, 2021ರ ಡಿಸೆಂಬರ್ 22ರಿಂದ 2022ರ ಫೆಬ್ರವರಿ 25ರವರೆಗೆ, ವೈಟ್‌ಫೀಲ್ಡಿನ ಶೆರಟಾನ್ ಗ್ರ್ಯಾಂಡ್ ಹೋಟೆಲಿನ ಸಮ್ಮೇಳನ ಕೇಂದ್ರದಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು. ಕರ್ನಾಟಕದಲ್ಲಿ ಹೋಟೆಲೊಂದು ಕ್ರೀಡಾಂಗಣವಾದ ಉದಾಹರಣೆಗಳಲ್ಲಿ ಇದಕ್ಕಿಂತ ಹತ್ತಿರದ್ದು ನನಗೆ ತಿಳಿದಿಲ್ಲ. ಗೇಟಿನ ವಸೂಲಿ ಸೊನ್ನೆಯಾಗಿದ್ದರೂ ಪಂದ್ಯಾವಳಿ ನಡೆಯಿತೆಂದರೆ ಅದನ್ನು ನಡೆಸಿದ್ದು ಪ್ರಸಾರದ ಹಣವೂ ಪ್ರಾಯೋಜಕರ ಹಣವೂ ಎಂದಾಯಿತು.

ಮಿತ್ರರ ಪರವಾಗಿಯೂ ಒಂದು ಮಾತನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ ಒಳಾಂಗಣಗಳ ಕೊರತೆಯಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟದ ಕಾಲದಿಂದ ಶ್ರೀ ಕಂಠೀರವ ಒಳಾಂಗಣವೇ ಆಧಾರ. ಅಲ್ಲಿ ಸುಮಾರು ನಾಲ್ಕು ಸಾವಿರ ಆಸನಗಳು. 2017ರ ಜುಲೈನಲ್ಲಿ ಏಷ್ಯಾ ಮಹಿಳಾ ಬ್ಯಾಸ್ಕೆಟ್‌ಬಾಲ್ ಅಲ್ಲಿ ನಡೆಯಿತು. ಅದೇ ವರ್ಷ ಬೆಂಗಳೂರು ಬುಲ್ಸ್ ತಂಡ ತನ್ನ 'ತವರಿನ' ಕಬಡ್ಡಿ ಪಂದ್ಯಗಳನ್ನು ನಾಗಪುರದಲ್ಲಿ ಆಡಿತು. ಬೇಡಿಕೆ ಇಲ್ಲವೆನ್ನಲಾಗದು. ಆದರೆ ಕಬಡ್ಡಿಯ ತವರಿನ ಸರದಿ ವರ್ಷದಲ್ಲಿ ಕೆಲವೇ ದಿನಗಳದ್ದು, ಮತ್ತು ಕಂಠೀರವದ ಹಿಂದೆ ಸರ್ಕಾರದ ಬೊಕ್ಕಸವಿದೆ.

ನಮ್ಮ ರೆಸಾರ್ಟಿನ ಹಿಂದೆ ಏನಿದೆ? ಕ್ಯಾಸಿನೊ ಇರುವಂತಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯಿದೆ ಜೂಜುಕಟ್ಟೆ ನಡೆಸುವುದನ್ನು ಅಪರಾಧವೆನ್ನುತ್ತದೆ. ನೆರೆಯ ಗೋವಾದಲ್ಲಿ ಅನುಮತಿಯಿದೆ. ಮಾಂಡೋವಿ ನದಿಯ ಹಡಗುಗಳಲ್ಲಿ ನಮ್ಮ ರಾಜ್ಯದವರನ್ನೂ ಕಾಣಬಹುದು. ಆದರೆ ಆ ಹಡಗುಗಳು ಅಂಗಣ ಕಟ್ಟಿಲ್ಲ. ತೆರಿಗೆಯ ಭಾರವೂ ಬೇರೆ. ನೆವಾಡಾದಲ್ಲಿ ಜೂಜಿನ ಒಟ್ಟು ಗೆಲುವಿನ ಮೇಲೆ ರಾಜ್ಯದ ಗರಿಷ್ಠ ದರ ಶೇ. 6.75. ನಮ್ಮಲ್ಲಿ 2023ರ ಅಕ್ಟೋಬರ್ 1ರಿಂದ ಗಿರಾಕಿ ಕೊಳ್ಳುವ ಬಿಲ್ಲೆಗಳ ಪೂರ್ಣ ಮೊತ್ತದ ಮೇಲೆಯೇ ಶೇ. 28 ಜಿ.ಎಸ್.ಟಿ.; 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ಅಂದಿನಿಂದ ಐ.ಪಿ.ಎಲ್. ಟಿಕೆಟ್ಟಿಗೂ ಅದೇ ಶೇ. 40. ಕ್ಯಾಸಿನೊ ಪ್ರವೇಶವನ್ನೂ ಐ.ಪಿ.ಎಲ್. ಪ್ರವೇಶವನ್ನೂ ನಮ್ಮ ದರಪಟ್ಟಿ ಒಂದೇ ಸಾಲಿನಲ್ಲಿ ಕೂರಿಸಿರುವುದು ಓದುವವರಿಗೆ ತಮಾಷೆ, ಕಟ್ಟುವವರಿಗಲ್ಲ. ಪ್ರಾಯೋಜಕರ ಮೂಲವೂ ಬತ್ತುತ್ತಿದೆ: 2025ರ ಆಗಸ್ಟ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ಸಂಸತ್ತು ನಿಷೇಧಿಸಿದ ಕೂಡಲೇ ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿನಿಂದ ಡ್ರೀಮ್ ಇಲೆವೆನ್ ಹೆಸರು ಮರೆಯಾಯಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ದೊಡ್ಡ ಕಲ್ಯಾಣ ಮಂಟಪ ಕಟ್ಟಲು ಹೊರಟಾಗ ಬ್ಯಾಂಕಿಗೆ ಕೊಡುವ ಅಂದಾಜು ಪಟ್ಟಿಯನ್ನು ನಾನೇ ತಯಾರಿಸಿದ್ದೆ. ವರ್ಷಕ್ಕೆ 120 ದಿನ ಬಾಡಿಗೆ ಎಂದು ಬರೆದೆ. ಆಷಾಢ, ಧನುರ್ಮಾಸ, ಮೌಢ್ಯದ ದಿನಗಳನ್ನು ಕಳೆದು ಪಂಚಾಂಗದಲ್ಲಿ ಉಳಿಯುವ ಮುಹೂರ್ತಗಳನ್ನು ಎಣಿಸಲಿಲ್ಲ. ಮೂರನೆಯ ವರ್ಷ ಬಾಡಿಗೆ ಹೋದದ್ದು 41 ದಿನ. ಮಂಟಪ ಹರಾಜಾಯಿತು. ಆ ಪಟ್ಟಿಯ ಕೆಳಗೆ ಈಗಲೂ ನನ್ನ ಸಹಿ ಇದೆ.

ಆದಕಾರಣ ಈ ಬಾರಿ ನಾಲ್ವರ ಮುಂದೆಯೇ ಲೆಕ್ಕ ಹಾಕಿದೆ. ಇಪ್ಪತ್ತು ಕೋಟಿ ಸಾಲಕ್ಕೆ ಶೇ. 10ರಂತೆ ಬಡ್ಡಿ ವರ್ಷಕ್ಕೆ ಎರಡು ಕೋಟಿ. ವಿದ್ಯುತ್, ಸಿಬ್ಬಂದಿ, ವಿಮೆ, ದುರಸ್ತಿಗೆ ಒಂದು ಕೋಟಿ ಎಂದಿಟ್ಟುಕೊಳ್ಳೋಣ. ದೀಪ ಉರಿದರೂ ಉರಿಯದಿದ್ದರೂ ದಿನಕ್ಕೆ 82 ಸಾವಿರ ರೂಪಾಯಿ ಹೋಗುತ್ತದೆ. ವರ್ಷಕ್ಕೆ 60 ದಿನ ಕಾರ್ಯಕ್ರಮ ನಡೆದರೆ ಒಂದೊಂದು ದಿನವೂ ಐದು ಲಕ್ಷ ನಿವ್ವಳ ತರಬೇಕು. ಅಸಲಿನ ಕಂತು ಇದರಲ್ಲಿ ಸೇರಿಲ್ಲ. ಸಿಮೆಂಟು, ಕಬ್ಬಿಣ, ಗುತ್ತಿಗೆಗೆ ತೆತ್ತ ಜಿ.ಎಸ್.ಟಿ. ಮರಳಿ ಸಿಗುವುದೆಂದು ಅವರ ನಕ್ಷೆ ಮಾಡಿಕೊಟ್ಟವರು ಬರೆದಿದ್ದರು. 2024ರ ಅಕ್ಟೋಬರ್ 3ರ ಸಫಾರಿ ರಿಟ್ರೀಟ್ಸ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬಾಡಿಗೆ ಕಟ್ಟಡಗಳಿಗೆ ಅಂಥದೊಂದು ಕಿಂಡಿಯನ್ನು ತೆರೆದದ್ದು ನಿಜ. ಆದರೆ 2025ರ ಹಣಕಾಸು ಕಾಯಿದೆ 2017ರ ಜುಲೈ 1ರಿಂದಲೇ ಅನ್ವಯವಾಗುವಂತೆ ಆ ಕಿಂಡಿಯನ್ನು ಮುಚ್ಚಿಬಿಟ್ಟಿದೆ. ಆ ತೆರಿಗೆಯೆಲ್ಲ ಕಟ್ಟಡದ ಬೆಲೆಗೇ ಸೇರುತ್ತದೆ.

ಅವರಲ್ಲಿ ಕಿರಿಯರು ಕೈವಾರದ ಉದಾಹರಣೆ ಕೊಟ್ಟರು. ತಾತಯ್ಯನವರ ಮಠದಲ್ಲಿ ಗುರುಪೂರ್ಣಿಮೆಗೆ 72 ಗಂಟೆಗಳ ಅಖಂಡ ಸಂಗೀತೋತ್ಸವ ನಡೆಯುತ್ತದೆ, ಜನ ಸೇರುತ್ತಾರಲ್ಲ ಎಂದರು. ಸೇರುತ್ತಾರೆ, ಅದೂ ಕಲ್ಯಾಣ ಮಂಟಪಗಳೆಲ್ಲ ಬೀಗ ಹಾಕಿಕೊಂಡಿರುವ ಆಷಾಢದಲ್ಲಿ. ಆದರೆ ಅಲ್ಲಿ ಟಿಕೆಟ್ ಇಲ್ಲ. ಖರ್ಚನ್ನು ಭಕ್ತಿ ಹೊರುತ್ತದೆ, ವೇಗಾಸಿನಲ್ಲಿ ಜೂಜು ಹೊತ್ತಂತೆ, ಕಂಠೀರವದಲ್ಲಿ ಸರ್ಕಾರ ಹೊತ್ತಂತೆ. "ನಿಮ್ಮ ಅಂಗಣದ ಖರ್ಚನ್ನು ಹೊರುವವರು ಯಾರು?" ಎಂದು ಕೇಳಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಠಡಿಗಳು ಹೊರಬೇಕು" ಎಂದರು. ಅವರ ನಕ್ಷೆಯಲ್ಲಿದ್ದ ಕೊಠಡಿಗಳು 48.

ಸಾಲದ ಅರ್ಜಿಯನ್ನು ಸದ್ಯಕ್ಕೆ ಹಿಂದಕ್ಕೆ ಪಡೆದಿದ್ದಾರೆ. ಆರುನೂರು ಜನರ ಸಭಾಂಗಣ, ತೆಗೆದಿಡಬಹುದಾದ ಕುರ್ಚಿಗಳು, ಹಗಲಲ್ಲಿ ಶಾಲಾ ಮಕ್ಕಳಿಗೆ ಬ್ಯಾಡ್ಮಿಂಟನ್ ಅಂಕಣ ಎಂಬ ಹೊಸ ನಕ್ಷೆ ಸಿದ್ಧವಾಗುತ್ತಿದೆ. ಅಡಮಾನಕ್ಕೆ ಒಂದು ಮನೆಯ ಜಮೀನಷ್ಟೇ ಸಾಕಾಗಬಹುದು. ಅದಕ್ಕೆ ಮುನ್ನ ಚಿಂತಾಮಣಿ ಮತ್ತು ಶಿಡ್ಲಘಟ್ಟದ ಮೂರು ಸಭಾಭವನಗಳ ಐದು ವರ್ಷಗಳ ಬಾಡಿಗೆ ಪುಸ್ತಕಗಳನ್ನು, ಮಾಲೀಕರ ಒಪ್ಪಿಗೆ ಪಡೆದು, ತಂದುಕೊಡುವಂತೆ ಕೇಳಿದ್ದೇನೆ. ಎರಡು ಬಂದಿವೆ, ಮೂರನೆಯದಕ್ಕೆ ಕಾಯುತ್ತಿದ್ದೇನೆ.