ಬೆನ್ನಿನಿಂದ ಎಳೆದುಕೊಳ್ಳುವ ಮರ

ಕುಲಶೇಖರದ ಓದುಗರೊಬ್ಬರು ಕೇಳಿದ್ದಾರೆ: "ಮನೆಯ ಹಿಂದಿನ ಗುಡ್ಡ ಕಡಿದ ಮೇಲೆ ನಮ್ಮ ಎಳೆ ಹಲಸಿನ ಮರ ದಕ್ಷಿಣಕ್ಕೆ ವಾಲಿತು. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅದರ ತುದಿ ತಾನಾಗಿ ನೆಟ್ಟಗಾಗುತ್ತಿದೆ, ಬುಡ ಮಾತ್ರ ವಾಲಿಕೊಂಡೇ ಇದೆ. ವಾಸ್ತು ನೋಡಿದವರು ದಕ್ಷಿಣಕ್ಕೆ ವಾಲಿದ ಮರ ಮನೆಗೆ ಕೇಡು, ಕಡಿಸಿ ಎನ್ನುತ್ತಾರೆ. ಮರ ಏಳುವುದು ಹೇಗೆ? ಕಡಿಸಬೇಕೇ?"

ಮೊದಲು ಆ ಕೇಡಿನ ಮಾತು ಮುಗಿಸಿಬಿಡೋಣ. ಪಡೀಲು, ಕುಲಶೇಖರ, ಬಿಕರ್ನಕಟ್ಟೆಯ ಕಡೆ ಮರ ವಾಲಲು ಕಾರಣ ಕಾಲಡಿಯಲ್ಲೇ ಇದೆ. ಮೇಲೆ ಮುರಕಲ್ಲು, ಅದರ ಕೆಳಗೆ ನೀರು ಕುಡಿದರೆ ಜಾರುವ ಶೇಡಿ ಮಣ್ಣು. 2019ರ ಆಗಸ್ಟ್‌ನಲ್ಲಿ ಪಡೀಲು–ಕುಲಶೇಖರದ ನಡುವೆ ಗುಡ್ಡ ಜರಿದು ಕೊಂಕಣ ಮಾರ್ಗದ ರೈಲುಗಳ ಓಡಾಟ ದಿನಗಟ್ಟಲೆ ಕೆಟ್ಟದ್ದು ಇಲ್ಲಿನವರಿಗೆ ನೆನಪಿದೆ. ಗುಡ್ಡದ ಕಾಲನ್ನು ಯಾವ ದಿಕ್ಕಿನಲ್ಲಿ ಕಡಿದಿರೋ ಆ ದಿಕ್ಕಿಗೆ ಮರ ವಾಲುತ್ತದೆ. ನೀವು ಕಡಿದದ್ದು ದಕ್ಷಿಣದಲ್ಲಿ, ಅಷ್ಟೆ. ಮಣ್ಣಿನ ತಪ್ಪನ್ನು, ಅದಕ್ಕಿಂತ ಹೆಚ್ಚಾಗಿ ಜೆಸಿಬಿಯ ತಪ್ಪನ್ನು ಮರದ ತಲೆಗೆ ಕಟ್ಟುವ ಈ ರೂಢಿಯಿಂದ ಎಷ್ಟು ಒಳ್ಳೆಯ ಹಲಸು, ಮಾವು ನೆಲ ಕಂಡಿವೆ ಎಂದು ನೆನೆದರೆ ಸಿಟ್ಟು ಬರುತ್ತದೆ.

ಇನ್ನು ಮರ ಏಳುವ ವಿಚಾರ. ಬಿಸಿಲಿನ ಆಸೆಗೆ ತುದಿ ತಿರುಗುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ಹಸುರು ಚಿಗುರಿನ ಮಟ್ಟಿಗೆ ಅದು ಸರಿ. ಆದರೆ ಮಣಿಕಟ್ಟಿನ ದಪ್ಪಕ್ಕೆ ಬಲಿತು ಗಟ್ಟಿಯಾದ ಕಾಂಡವನ್ನು ಬಿಸಿಲು ಬಗ್ಗಿಸಲಾರದು. ಬಗ್ಗಿಸುವುದು ತೊಗಟೆಯ ಒಳಗಿನ ಕ್ಯಾಂಬಿಯಂ ಎಂಬ ತೆಳು ಪದರ ಹೊಸದಾಗಿ ಕಟ್ಟುವ ಮರ. ಪೈನ್‌ನಂಥ ಸೂಚಿಪರ್ಣಿ ಮರಗಳು ವಾಲಿದ ಕೆಳಮಗ್ಗುಲಲ್ಲಿ ವಿಶೇಷ ಮರ ಬೆಳೆಸಿ ಕೆಳಗಿನಿಂದ ದೂಡುತ್ತವೆ. ಹಲಸು, ಮಾವು, ರಬ್ಬರಿನಂಥ ಅಗಲ ಎಲೆಯವು ಇದಕ್ಕೆ ಪೂರ್ತಿ ತಿರುಗಾಮುರುಗ. ಅವು ಮೇಲ್ಮಗ್ಗುಲಲ್ಲಿ, ಅಂದರೆ ಬೆನ್ನಿನ ಕಡೆ ವಿಶೇಷ ಮರ ಬೆಳೆಸಿ ಮೇಲಕ್ಕೆ ಎಳೆದುಕೊಳ್ಳುತ್ತವೆ. ವಾಲಿದ ಕಂಬವನ್ನು ಹಿಂದಿನಿಂದ ಹಗ್ಗ ಕಟ್ಟಿ ಜಗ್ಗಿದ ಹಾಗೆ. ಈ ಬೆನ್ನಿನ ಮರವನ್ನು ಇಲ್ಲಿ ಸೆಳೆಮರ ಎನ್ನೋಣ. ಕಡಲತೀರದ ಗಾಳಿಮರ ನೋಡಲು ಪೈನಿನಂತಿದ್ದರೂ ಅದು ಹೂಬಿಡುವ ಮರಗಳ ಗುಂಪಿನದು, ಹಾಗಾಗಿ ಅದೂ ಎಳೆದುಕೊಳ್ಳುವ ಮರವೇ.

ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಹೆದ್ದಾರಿ ಅಗಲವಾಗುವಾಗ ಉರುಳಿದ ಮರಗಳ ಬುಡಗಳನ್ನು ನಾನು ಬಗ್ಗಿ ನೋಡಿದ್ದೇನೆ. ಇಳಿಜಾರಿನಲ್ಲಿದ್ದ ಒಂದರ ತಿರುಳು ನಡುವಿನಲ್ಲಿ ಇರಲೇ ಇಲ್ಲ. ಕೆಳಬದಿಯ ತೊಗಟೆಯಿಂದ ನಾಲ್ಕು ಬೆರಳು, ಮೇಲ್ಬದಿಯ ತೊಗಟೆಯಿಂದ ಒಂದು ಗೇಣಿಗೂ ಹೆಚ್ಚು. ಬೆನ್ನಿನ ಕಡೆ ಮರ ಅಷ್ಟು ದುಡಿದಿತ್ತು.

ಇಲ್ಲೊಂದು ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ವಾಲಿದಾಗ ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಕುಗ್ಗುತ್ತದೆ, ಹಿಗ್ಗಿದ ಕಡೆ ಮರ ತನ್ನನ್ನು ಗಟ್ಟಿ ಮಾಡಿಕೊಳ್ಳುತ್ತದೆ ಎಂಬುದು ಆ ತಿಳಿವಳಿಕೆ. ಕೇಳಲು ಎಷ್ಟು ಸರಿ ಅನಿಸುತ್ತದೆ! ಇದನ್ನು ಬುಡಮೇಲು ಮಾಡಿದ ಪ್ರಯೋಗಕ್ಕೆ ಬೇಕಾದದ್ದು ಎಳೆ ಸಸಿ ಮತ್ತು ತಾಳ್ಮೆ. 1906ರಲ್ಲಿ ಎವರ್ಟ್ ಮತ್ತು ಮೇಸನ್-ಜೋನ್ಸ್ ಸೂಚಿಪರ್ಣಿಗಳಲ್ಲಿ, ಆಮೇಲೆ 1938ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಪಾಲ್ ಜಕಾರ್ ಅಗಲ ಎಲೆಯ ಮರಗಳಲ್ಲಿ, ಕಾಂಡವನ್ನು ಬಳೆಯಂತೆ ಸುತ್ತು ಬಗ್ಗಿಸಿ ನಿಲ್ಲಿಸಿ ಬೆಳೆಯಲು ಬಿಟ್ಟರು. ಈಗ ಜಕಾರ್ ಮಾಡಿದ ಬಳೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಗ್ಗಿಸಿದ್ದರಿಂದ ಅದರ ಹೊರಮೈ ಉದ್ದಕ್ಕೂ ಹಿಗ್ಗಿದೆ, ಒಳಮೈ ಉದ್ದಕ್ಕೂ ಕುಗ್ಗಿದೆ. ಹಿಗ್ಗುವಿಕೆಯೇ ಕಾರಣವಾಗಿದ್ದರೆ ಸೆಳೆಮರ ಬಳೆಯ ಹೊರಮೈಯಲ್ಲಿ ಸುತ್ತಲೂ ಬರಬೇಕಿತ್ತು. ಬಂದದ್ದು ಹಾಗಲ್ಲ. ಬಳೆಯ ಮೇಲ್ಭಾಗದಲ್ಲಿ ಅದು ಹೊರಮೈಯಲ್ಲಿ ಬಂತು, ಕೆಳಭಾಗದಲ್ಲಿ ಒಳಮೈಯಲ್ಲಿ ಬಂತು. ಎರಡೂ ಕಡೆ ಆಕಾಶ ನೋಡುವ ಮುಖದಲ್ಲೇ ಬಂತು! ಕುಗ್ಗಿದ ಜಾಗದಲ್ಲೂ ಸೆಳೆಮರ. ಮರಕ್ಕೆ ಮುಖ್ಯವಾಗಿದ್ದು ಹಿಗ್ಗು ಕುಗ್ಗು ಅಲ್ಲ, ಯಾವುದು ಮೇಲೆ ಯಾವುದು ಕೆಳಗೆ ಎಂಬುದು.

ಕಣ್ಣಿಲ್ಲದ ಕಾಂಡಕ್ಕೆ ಮೇಲು ಕೆಳಗು ತಿಳಿಸುವವು ಪಿಷ್ಟದ ಕಾಳುಗಳು. ತೊಗಟೆಯ ಒಳಬದಿಯ ಕೆಲವು ಕೋಶಗಳಲ್ಲಿ ಭಾರದ ಪಿಷ್ಟದ ಕಾಳುಗಳಿದ್ದು, ಕಾಂಡ ವಾಲಿದ ಕೂಡಲೆ ಅವು ಜಾರಿ ನೆಲದ ಕಡೆಯ ಗೋಡೆಗೆ ಹೋಗಿ ಕೂರುತ್ತವೆ. ಅಲ್ಲಿಂದ ಮುಂದಿನದು ಹಾರ್ಮೋನುಗಳ ಕೆಲಸ.

ಮುಖ್ಯ ಹಾರ್ಮೋನು ಆಕ್ಸಿನ್. ತುದಿಯ ಎಳೆ ಎಲೆಗಳಲ್ಲಿ ಹುಟ್ಟಿ ಕ್ಯಾಂಬಿಯಂ ಹಿಡಿದು ಕೆಳಗಿಳಿಯುತ್ತದೆ. ವಾಲಿದ ಮರದಲ್ಲಿ ಅದು ಕೆಳಮಗ್ಗುಲಿಗೆ ಹರಿದು ಸೇರುತ್ತದೆ, ಮೇಲ್ಮಗ್ಗುಲಲ್ಲಿ ಅದರ ಕೊರತೆಯಾಗಿ ಸೆಳೆಮರ ಹುಟ್ಟುತ್ತದೆ ಎಂದು ಬಹುಕಾಲ ಪಾಠ ಹೇಳಲಾಗುತ್ತಿತ್ತು. 2004ರಲ್ಲಿ ಸ್ವೀಡನ್ನಿನ ಸಂಶೋಧಕರು ವಾಲಿಸಿದ ಪಾಪ್ಲರ್ (ಅಗಲ ಎಲೆಯದು) ಮತ್ತು ಪೈನ್ ಮರಗಳ ಕ್ಯಾಂಬಿಯಂನಲ್ಲಿ ಆಕ್ಸಿನನ್ನು ನೇರವಾಗಿ ಅಳೆದರು. ಪಾಠ ಹೇಳುತ್ತಿದ್ದ ಏರುಪೇರು ಸಿಗಲಿಲ್ಲ. ಪ್ರಮಾಣ ನೋಡಿದರೆ ಸಾಲದು, ಅದು ಯಾವ ದಿಕ್ಕಿಗೆ ಹರಿಯುತ್ತದೆ, ಕೋಶ ಅದಕ್ಕೆ ಹೇಗೆ ಸ್ಪಂದಿಸುತ್ತದೆ ಎಂದೂ ನೋಡಬೇಕೆಂದು ಆಗ ಸ್ಪಷ್ಟವಾಯಿತು.

2015ರಲ್ಲಿ ಅಮೆರಿಕದಲ್ಲಿ ಆಂಡ್ರೂ ಗ್ರೂವರ್ ತಂಡ ಪಾಪ್ಲರಿನಲ್ಲಿ ಕಂಡದ್ದನ್ನು ಓದಿದಾಗ ನನಗಾದ ಸಂತೋಷ ಹೇಳತೀರದು. ಪಿಷ್ಟದ ಕಾಳುಗಳಿರುವ ಕೋಶಗಳಲ್ಲಿ ಆಕ್ಸಿನನ್ನು ಹೊರಗೆ ಬಿಡುವ ಬಾಗಿಲುಗಳಿವೆ, ಪಿನ್-3 ಎಂಬ ಪ್ರೋಟೀನಿನವು. ಕಾಂಡ ವಾಲಿದಾಗ ಈ ಬಾಗಿಲುಗಳು ನೆಲದ ಕಡೆಯ ಗೋಡೆಗೆ ಸರಿಯುತ್ತವೆ. ಮೇಲ್ಮಗ್ಗುಲ ತೊಗಟೆಗೆ ನೆಲದ ಕಡೆ ಎಂದರೆ ಒಳಗೆ, ಕ್ಯಾಂಬಿಯಂನ ಕಡೆ. ಕೆಳಮಗ್ಗುಲ ತೊಗಟೆಗೆ ನೆಲದ ಕಡೆ ಎಂದರೆ ಹೊರಗೆ, ಕ್ಯಾಂಬಿಯಂನಿಂದ ದೂರ. ಕೋಶಗಳು ಪಾಲಿಸುವ ನಿಯಮ ಎರಡೂ ಕಡೆ ಒಂದೇ. ಆದರೂ ಒಂದು ಮಗ್ಗುಲಲ್ಲಿ ಆಕ್ಸಿನ್ ಕ್ಯಾಂಬಿಯಂಗೆ ಬರುತ್ತದೆ, ಇನ್ನೊಂದರಲ್ಲಿ ಅದನ್ನು ಬಿಟ್ಟು ಹೋಗುತ್ತದೆ. ಜಕಾರ್ ಬಳೆಯ ಒಗಟಿಗೂ ಇದು ಹೊಂದುತ್ತದೆ.

ಆಕ್ಸಿನ್ ಒಂದೇ ಸಾಲದು. ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನು ಇಲ್ಲದಿದ್ದರೆ ಸೆಳೆಮರ ಸರಿಯಾಗಿ ಹುಟ್ಟದು. ನಮ್ಮ ಗುಡ್ಡಗಳಲ್ಲಿ ನೆಟ್ಟಿರುವ ಮ್ಯಾಂಜಿಯಂ ಅಕೇಶಿಯಾದ ಸಸಿಗಳನ್ನೇ ವಾಲಿಸಿ ಜಪಾನಿನ ತಂಡವೊಂದು ಪರೀಕ್ಷಿಸಿತು. ಜಿಬ್ಬರೆಲಿನ್ ತಯಾರಿಕೆಯನ್ನು ತಡೆಯುವ ಪ್ಯಾಕ್ಲೋಬ್ಯುಟ್ರಜೋಲ್ ಹಾಕಿದ ಸಸಿಗಳಲ್ಲಿ ಸೆಳೆಮರ ಬೆಳೆಯುವುದೂ ಸಸಿ ಮೇಲೇಳುವುದೂ ಕುಂಠಿತವಾಯಿತು. ಮಾವಿನ ಬೆಳೆಗಾರರು ಹೂ ಬರಿಸಲು ಬುಡಕ್ಕೆ ಹಾಕುವ ಔಷಧ ಇದೇ. ಮೂರನೆಯ ಹಾರ್ಮೋನು ಎಥಿಲೀನ್ ಕ್ಯಾಂಬಿಯಂನ ಕೋಶವಿಭಜನೆಗೆ ವೇಗ ಕೊಡುತ್ತದೆ. ಎಥಿಲೀನಿಗೆ ಸ್ಪಂದಿಸದಂತೆ ಮಾಡಿದ ಪಾಪ್ಲರನ್ನು ವಾಲಿಸಿದರೂ ಅದು ಒಂದು ಮಗ್ಗುಲಿಗೆ ದಪ್ಪವಾಗುವುದಿಲ್ಲ. ಸುಳ್ಯ, ಪುತ್ತೂರಿನಲ್ಲಿ ರಬ್ಬರ್ ಹಾಲು ಹೆಚ್ಚಿಸಲು ಸವರುವ ಎಥೆಫಾನ್ ಮರದೊಳಗೆ ಇದೇ ಎಥಿಲೀನನ್ನು ಬಿಡುತ್ತದೆ.

ಇಷ್ಟೆಲ್ಲ ಆಗಿ ಹುಟ್ಟುವ ಸೆಳೆಮರದ ನಾರುಗಳ ಒಳಗೋಡೆಗೆ, ಹಲವು ಜಾತಿಗಳಲ್ಲಿ, ಮರವನ್ನು ಗಡುಸಾಗಿಸುವ ಲಿಗ್ನಿನ್ ಬಲು ಕಡಿಮೆ ಇರುವ ಒಂದು ವಿಶೇಷ ಪದರ ಅಂಟಿರುತ್ತದೆ. ಅದರ ಸೆಲ್ಯುಲೋಸ್ ಎಳೆಗಳು ಕಾಂಡದ ಉದ್ದಕ್ಕೇ ಹಾಸಿರುತ್ತವೆ. ಪದರ ಬಲಿಯುವಾಗ ಉದ್ದಕ್ಕೆ ಬಿಗಿಯುತ್ತದೆ, ಆ ಬಿಗಿತವೇ ಮರವನ್ನು ಎತ್ತುವುದು. ಆಚಾರಿಗಳಿಗೆ ಇದರ ಉಪದ್ರ ಗೊತ್ತು. ರಬ್ಬರ್ ಮರದ ಹಲಗೆಗೆ ಕೀಸುಳಿ ಹಾಕಿದಾಗ ಕೆಲವೆಡೆ ನುಣುಪಾಗದೆ ಉಣ್ಣೆಯಂತೆ ನಾರು ಎದ್ದು ನಿಲ್ಲುತ್ತದೆ. ಒಳ್ಳೆಯ ಹಲಗೆ ಒಣಗುವಾಗ ಉದ್ದಕ್ಕೆ ನೂರರಲ್ಲಿ 0.1ರಿಂದ 0.3 ಭಾಗದಷ್ಟೇ ಕುಗ್ಗಿದರೆ, ಸೆಳೆಮರ 1 ಭಾಗದವರೆಗೂ ಕುಗ್ಗಿ ಹಲಗೆಯನ್ನೇ ಬಿಲ್ಲಾಗಿಸುತ್ತದೆ.

ನಿಮ್ಮ ಹಲಸಿನ ಬಳಗದ್ದೇ ಆದ ಒಂದು ಜಾತಿಯಲ್ಲಿ ಸೆಳೆಮರದ ಇನ್ನೂ ಸೊಗಸಾದ ಕೆಲಸವಿದೆ. ಅಂಗಳದ ಚಟ್ಟಿಗಳಲ್ಲೂ ಬೆಳೆಸುವ ಫೈಕಸ್ ಬೆಂಜಮಿನಾದ ಬಿಳಲು ಗಾಳಿಯಲ್ಲಿ ಸಡಿಲವಾಗಿ ತೂಗುತ್ತಿರುತ್ತದೆ. ನೆಲ ಮುಟ್ಟಿ ಬೇರೂರಿದ ಮೇಲೆ ಅದು ಬಿಗಿದ ತಂತಿಯಾಗುತ್ತದೆ. ಒಳಗೆ ಸೆಳೆಮರ ಬೆಳೆದು ಬಿಳಲನ್ನು ಗಿಡ್ಡ ಮಾಡಿರುತ್ತದೆ ಎಂದು ಜಿಮ್ಮರ್‌ಮನ್, ವಾರ್ಡ್ರಾಪ್, ಟಾಮ್ಲಿನ್ಸನ್ 1968ರಲ್ಲಿ ತೋರಿಸಿಕೊಟ್ಟರು.

ತೆಂಗಿಗೂ ಅಡಿಕೆಗೂ ಈ ಭಾಗ್ಯವಿಲ್ಲ. ಅವಕ್ಕೆ ಕ್ಯಾಂಬಿಯಂ ಇಲ್ಲ. ಒಮ್ಮೆ ವಾಲಿದ ಕಾಂಡ ವಾಲಿದಂತೆಯೇ ಉಳಿದು, ಸುಳಿಯಲ್ಲಿ ಹೊಸದಾಗಿ ಬರುವ ಭಾಗ ಮಾತ್ರ ಮೇಲಕ್ಕೆ ತಿರುಗುತ್ತದೆ.

ನಿಮ್ಮ ಹಲಸಿನ ಬುಡ ಏಕೆ ಏಳುತ್ತಿಲ್ಲ? ಕಾಂಡದ ದಪ್ಪ ಎರಡರಷ್ಟಾದರೆ ಅದನ್ನು ಬಗ್ಗಿಸುವುದು ಹದಿನಾರರಷ್ಟು ಕಷ್ಟ. ತೆಳ್ಳಗಿನ ತುದಿ ಬೇಗ ಏಳುತ್ತದೆ, ಬುಡ ಬಹುಶಃ ಹಾಗೆಯೇ ಉಳಿಯುತ್ತದೆ, ಅದರಿಂದ ಮರಕ್ಕೇನೂ ತೊಂದರೆಯಿಲ್ಲ. ಗುಡ್ಡದ ಕಡೆಯ ನೆಲವನ್ನು ಮಾತ್ರ ನೋಡಿ. ಅಲ್ಲಿ ಮಣ್ಣು ಬಿರಿದಿದ್ದರೆ, ಬೇರು ಕಿತ್ತೆದ್ದಿದ್ದರೆ ಸೆಳೆಮರದಿಂದ ಏನೂ ಆಗದು, ತಿಳಿದವರನ್ನು ಕರೆದು ತೋರಿಸಿ. ನೆಲ ಗಟ್ಟಿಯಾಗಿದ್ದರೆ ಕಡಿಸಬೇಡಿ. ತುದಿಯನ್ನೂ ಚಿವುಟಬೇಡಿ, ಆಕ್ಸಿನ್ ಬರುವುದು ಅಲ್ಲಿಂದ. ಆಸರೆಗೆ ಕಟ್ಟುವುದಾದರೆ ತಂತಿ ಬೇಡ, ಅದು ತೊಗಟೆ ಕೊಯ್ಯುತ್ತದೆ. ಹಳೆಯ ಸೈಕಲ್ ಟ್ಯೂಬು ಸುತ್ತಿ ಹಗ್ಗ ಕಟ್ಟಿ, ಪ್ರತಿ ಮಳೆಗಾಲಕ್ಕೆ ಮೊದಲು ಬಿಚ್ಚಿ ಸಡಿಲ ಮಾಡಿ ಕಟ್ಟಿ.